ಕೆರೆಯ ಹೂಳು ಹೊಲಕ್ಕೆ ಹೋಗುವ ಮುಂಚೆ ಅದನ್ನು ಓದುವ ಬಗೆ

ಏಪ್ರಿಲ್ ಬಂತೆಂದರೆ ಹೊಳಲ್ಕೆರೆ, ಹಿರಿಯೂರು, ಜಗಳೂರು ಕಡೆಯ ಒಣಗಿದ ಕೆರೆಗಳಿಗೆ ಟ್ರಾಕ್ಟರುಗಳು ಇಳಿಯುತ್ತವೆ. ಗೋಡು ಮಣ್ಣು, ಅಂದರೆ ಕೆರೆಯ ಹೂಳು, ಹೊಲಕ್ಕೆ ಹೋಗಬೇಕಾದದ್ದೇ. ಅದನ್ನು ತಡೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಜೆಸಿಬಿ ತೋಡಿದ ಗುಂಡಿಯ ಗೋಡೆ ನೋಡಲು ಸಿಗುವುದು ಕೆಲವು ದಿನ ಮಾತ್ರ. ಕೆರೆಗೆ ಬಂದ ಮಳೆ, ಬಾರದೇ ಹೋದ ಮಳೆ, ಎರಡೂ ಆ ಗೋಡೆಯಲ್ಲಿ ಪದರ ಪದರವಾಗಿ ಕೂತಿರುತ್ತವೆ. ಮಣ್ಣು ಟ್ರೇಲರಿಗೆ ಬಿದ್ದ ಮೇಲೆ ಆ ಕ್ರಮ ಮತ್ತೆ ಎಲ್ಲಿಯೂ ಸಿಗುವುದಿಲ್ಲ.

ನಾನು ಹೊಳಲ್ಕೆರೆ ತಾಲ್ಲೂಕಿನವಳು. ಅರಬ್ಬಿ ಸಮುದ್ರದ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಮೇಲೆ ತಂದ ಮಣ್ಣಿನಿಂದ ಸಾವಿರಾರು ವರ್ಷ ಹಿಂದಿನ ಮುಂಗಾರು ಹೇಗಿತ್ತು ಎಂದು ತಿಳಿಯುವುದು ನನ್ನ ಕೆಲಸ. ಪ್ರಯೋಗಾಲಯದ ದೊಡ್ಡ ಯಂತ್ರಗಳನ್ನು ಬಿಟ್ಟರೆ, ಆ ಕೆಲಸದ ಮೊದಲ ಹಂತಗಳೆಲ್ಲವನ್ನೂ ನಮ್ಮ ಕೆರೆಯಂಗಳದಲ್ಲಿ ಮಾಡಬಹುದು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರು, ಪಿಯುಸಿ ಮಕ್ಕಳು, ಹೂಳು ಹೊಡೆಸುವ ರೈತರು ಮಾಡಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಬೇಕಾದ ಸಾಮಾನು ಹೆಚ್ಚಿಲ್ಲ. ಗಾರೆ ಕೆಲಸದ ಕರಣೆ, ಅಳತೆಯ ಟೇಪು, ನೀರು ಚಿಮುಕಿಸುವ ಬಾಟಲಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು, ಅಳಿಸದ ಮಾರ್ಕರ್, ಭೂತಗನ್ನಡಿ, ಗೆರೆ ಹಾಕಿದ ನೋಟ್ ಪುಸ್ತಕ. ಪಂಚಾಯಿತಿಗೆ ಒಂದು ಮಾತು ಹೇಳಿ ಇಳಿಯಿರಿ. ಎದೆಮಟ್ಟಕ್ಕಿಂತ ಆಳವಾದ ಗುಂಡಿಗೆ ಇಳಿಯಲೇಬೇಡಿ; ಹಸಿ ಹೂಳಿನ ಗೋಡೆ ಯಾವ ಸೂಚನೆಯನ್ನೂ ಕೊಡದೆ ಕುಸಿಯುತ್ತದೆ. ಸಂಜೆ ಮಳೆ ಬಿದ್ದಿದ್ದರೆ ಮರುದಿನವೂ ಬೇಡ.

ಮೊದಲು ಗೋಡೆಯನ್ನು ಕರಣೆಯಿಂದ ಒಂದು ಗೇಣು ಅಗಲ ಕೆರೆದು ಹಸನು ಮಾಡಿ. ಮೇಲಿನಿಂದ ಕೆಳಕ್ಕೆ ಕೆರೆಯಬೇಡಿ, ಮೇಲಿನ ಮಣ್ಣು ಕೆಳಗಿನ ಪದರಗಳಿಗೆ ಮೆತ್ತಿಕೊಳ್ಳುತ್ತದೆ, ಅಡ್ಡಡ್ಡಲಾಗಿ ಕೆರೆಯಿರಿ. ಸ್ವಲ್ಪ ನೀರು ಚಿಮುಕಿಸಿದರೆ ಬಣ್ಣಗಳು ಎದ್ದು ಕಾಣುತ್ತವೆ. ಟೇಪನ್ನು ಮೇಲಿನ ಅಂಚಿನಿಂದ ಇಳಿಬಿಟ್ಟು, ಟೇಪಿನ ಸಮೇತ ಚಿತ್ರ ತೆಗೆಯಿರಿ. ಆಮೇಲೆ ಬರೆಯಲು ಕೂತುಕೊಳ್ಳಿ. ಎಷ್ಟು ಸೆಂಟಿಮೀಟರಿನಿಂದ ಎಷ್ಟರವರೆಗೆ ಒಂದು ಪದರ, ಅದರ ಬಣ್ಣ ಏನು, ಬೆರಳಲ್ಲಿ ಉಜ್ಜಿದರೆ ಮರಳು ಸಿಗುತ್ತದೆಯೇ, ಕೆಳಗಿನ ಪದರದ ಜೊತೆ ಗಡಿ ಕತ್ತರಿಸಿದಂತಿದೆಯೇ ಅಥವಾ ಮೆಲ್ಲಗೆ ಬದಲಾಗುತ್ತದೆಯೇ. ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಬಿಡುತ್ತಾರೆ. ಗಡಿ ಚೂಪಾಗಿದ್ದರೆ ಏನೋ ಥಟ್ಟನೆ ಬಂದಿದೆ ಅಥವಾ ನಡುವೆ ಒಂದಿಷ್ಟು ಮಣ್ಣು ಕೊಚ್ಚಿ ಹೋಗಿದೆ ಎಂದರ್ಥ.

ಮಾದರಿ ತೆಗೆಯುವುದು ಬರೆದು ಮುಗಿದ ಮೇಲೆ, ಅದೂ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಉದುರುವ ಮಣ್ಣು ಕೆಳಗಿನದರ ಜೊತೆ ಬೆರೆಯುತ್ತದೆ. ಪ್ರತಿ ಚೀಲದ ಮೇಲೆ ಕೆರೆಯ ಹೆಸರು, ದಿನಾಂಕ, ಆಳ ಬರೆಯಿರಿ. ಮುದ್ದೆಯಾಗಿ ಕಿತ್ತು ತೆಗೆದರೆ ಮೇಲ್ಭಾಗಕ್ಕೆ ಬಾಣದ ಗುರುತು ಹಾಕಿ. ಸಮುದ್ರದಿಂದ ಬರುವ ಕೊಳವೆಗೂ ನಾವು ಹಡಗಿನ ಮೇಲೆಯೇ, ಬೇರೇನನ್ನೂ ಮುಟ್ಟುವ ಮುಂಚೆ, ಇದೇ ಬಾಣ ಹಾಕುತ್ತೇವೆ. ಮೇಲೆ ಯಾವುದು ಕೆಳಗೆ ಯಾವುದು ಎಂದು ಗೊತ್ತಿಲ್ಲದ ಮಣ್ಣಿಗೆ ಎಷ್ಟು ದುಬಾರಿ ಯಂತ್ರದಿಂದಲೂ ಕಾಲದ ಕ್ರಮ ಕೊಡಲಾಗುವುದಿಲ್ಲ.

ನಮ್ಮ ಊರಿನ ಕೆರೆಯಲ್ಲಿ ಹೀಗೆ ಕೂತಿದ್ದಾಗ ಟ್ರಾಕ್ಟರಿನ ಪಕ್ಕ ನಿಂತಿದ್ದ ಹಿರಿಯರೊಬ್ಬರು, “ಏನು ತಾಯಿ, ಮಣ್ಣಿನಲ್ಲಿ ಚಿನ್ನ ಇದೆಯೇ?” ಎಂದರು. “ಮಳೆ ಇದೆ ಕಾಕಾ” ಎಂದೆ. ಅವರು ಇಳಿದು ಬಂದು ನೋಡಿ, ಒಂದು ಮರಳಿನ ಪಟ್ಟಿಯನ್ನು ತೋರಿಸಿ, ಅದು ಏರಿ ಒಡೆದ ವರ್ಷದ್ದಿರಬೇಕು ಎಂದರು. ಇಂಥ ಮಾತನ್ನು ತಪ್ಪದೆ ಬರೆದುಕೊಳ್ಳಿ, ಯಾರು ಹೇಳಿದರು ಎಂಬುದರ ಸಮೇತ. ಅದು ಸಾಕ್ಷ್ಯ, ತೀರ್ಮಾನವನ್ನು ಆಮೇಲೆ ಮಾಡೋಣ.

ಮನೆಗೆ ಬಂದ ಮೇಲೆ ಬಾಟಲಿಯ ಪ್ರಯೋಗ. ಒಂದು ಹಿಡಿ ಮಣ್ಣನ್ನು ಹೆಂಟೆ ಕರಗುವ ತನಕ ನೆನೆಹಾಕಿ, ಪಾರದರ್ಶಕ ಬಾಟಲಿಗೆ ಸುರಿದು ನೀರು ತುಂಬಿ ಚೆನ್ನಾಗಿ ಕುಲುಕಿ ನಿಲ್ಲಿಸಿ. ಇಲ್ಲಿ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಬೇಗ ಮುಳುಗಿಸುತ್ತದೆ, ಲೆಕ್ಕ ಕೆಡುತ್ತದೆ. ಮಳೆನೀರು ಉತ್ತಮ, ಇಲ್ಲವೆಂದರೆ ಶುದ್ಧ ನೀರಿನ ಘಟಕದ ಕ್ಯಾನಿನ ನೀರು. ಗೇಣುದ್ದ ಬಾಟಲಿಯಲ್ಲಿ ಮರಳು ಸುಮಾರು ಒಂದು ನಿಮಿಷದೊಳಗೆ ತಳ ಸೇರುತ್ತದೆ. 0.063 ಮಿಲಿಮೀಟರಿಗಿಂತ ಸಣ್ಣದಾದ ನುಣ್ಣನೆಯ ರೇವೆ ಮಣ್ಣಿಗೆ ನಾಲ್ಕು ಗಂಟೆಯಷ್ಟು ಹೊತ್ತು ಬೇಕು. 0.004 ಮಿಲಿಮೀಟರಿಗಿಂತ ಸಣ್ಣದಾದ ಜೇಡಿ ದಿನಗಟ್ಟಲೆ ತೇಲುತ್ತದೆ. ಕಣದ ಅಗಲ ಅರ್ಧವಾದರೆ ಮುಳುಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ, ಅದರಿಂದ ಈ ವ್ಯತ್ಯಾಸ. ಒಂದು ನಿಮಿಷವಾದಾಗ, ನಾಲ್ಕು ಗಂಟೆಯಾದಾಗ, ಕೊನೆಗೆ ನೀರು ತಿಳಿಯಾದಾಗ ಬಾಟಲಿಯ ಮೇಲೆ ಗೆರೆ ಎಳೆದರೆ ಮೂರರ ಪಾಲು ಸಿಗುತ್ತದೆ.

ಅದೇ ಮಣ್ಣಿನ ಇನ್ನೊಂದು ಬಾಟಲಿಗೆ ಒಂದು ಚಮಚ ಉಪ್ಪು ಹಾಕಿ ಪಕ್ಕದಲ್ಲಿಡಿ. ಇದನ್ನು ಮಕ್ಕಳಿಗೆ ತೋರಿಸದೆ ಬಿಡಬೇಡಿ. ಸಿಹಿನೀರಿನ ಬಾಟಲಿ ಇನ್ನೂ ರಾಡಿಯಾಗಿರುವಾಗ ಉಪ್ಪುನೀರಿನದು ತಿಳಿಯಾಗುತ್ತದೆ. ನದಿ ಹೊತ್ತು ತರುವ ಜೇಡಿಯ ಬಹುಪಾಲು ಅಳಿವೆಯ ಹತ್ತಿರವೇ ಕೂರುವುದಕ್ಕೆ ಇದೇ ದೊಡ್ಡ ಕಾರಣ. ಅದನ್ನು ದಾಟಿ ಆಳ ಸಮುದ್ರ ತಲುಪುವ ಮಣ್ಣು ಎಷ್ಟು ಕಡಿಮೆಯೆಂದರೆ, ತೀರದಿಂದ ಬಹು ದೂರದ ತಳದಲ್ಲಿ ಒಂದೆರಡು ಸೆಂಟಿಮೀಟರ್ ಕೂರಲು ಸಾವಿರ ವರ್ಷ ಹಿಡಿಯುತ್ತದೆ. ಕೆರೆಯಲ್ಲಿ ಅಷ್ಟು ದಪ್ಪ ಒಂದೇ ಜೋರು ಮಳೆಗೆ ಬರಬಹುದು. ಹಾಗಾಗಿ ಸಮುದ್ರ ಉದ್ದನೆಯ ಕಾಲವನ್ನು ಹೇಳುತ್ತದೆ, ಕೆರೆ ನಮ್ಮ ಅಜ್ಜಂದಿರ ಕಾಲವನ್ನು ವಿವರವಾಗಿ ಹೇಳುತ್ತದೆ.

ಮಣ್ಣಿನಲ್ಲಿ ಬಿಳಿ ಗಂಟುಗಳು ಸಿಕ್ಕರೆ ಪುಡಿ ಮಾಡಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣ. ನೀರು ಇಂಗುವುದಕ್ಕಿಂತ ಆರುವುದು ಹೆಚ್ಚಾದ ಒಣ ನೆಲದ ಗುರುತು ಅದು. ಉಳಿದ ಮಣ್ಣನ್ನು ಚಹಾ ಸೋಸುವ ಜಾಲರಿಯಲ್ಲಿ ತೊಳೆದು ಉಳಿದದ್ದನ್ನು ಭೂತಗನ್ನಡಿಯಲ್ಲಿ ನೋಡಿ: ಬಸವನಹುಳುವಿನ ಚಿಪ್ಪು, ಬೀಜ, ಇದ್ದಿಲ ಚೂರು. ನಾವು ಸಮುದ್ರದ ಮಣ್ಣಿನಲ್ಲಿ ಹೀಗೆಯೇ ತೊಳೆದು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುಣ್ಣದ ಚಿಪ್ಪು ಹುಡುಕುತ್ತೇವೆ. ಅವುಗಳಲ್ಲಿ ಗ್ಲೋಬಿಜೆರಿನಾ ಬುಲ್ಲಾಯ್ಡಿಸ್ ಎಂಬುದು ಓಮನ್ ಕರಾವಳಿಯ ಆಚೆ, ಮುಂಗಾರು ಗಾಳಿ ತಳದ ತಣ್ಣೀರನ್ನು ಮೇಲೆತ್ತುವ ಜಾಗದಲ್ಲಿ, ಹುಲುಸಾಗಿ ಬೆಳೆಯುತ್ತದೆ. ಅಲ್ಲಿನ ಪದರದಲ್ಲಿ ಅದು ಹೆಚ್ಚಾದರೆ ಆ ಕಾಲದ ಮುಂಗಾರು ಗಾಳಿ ಬಲವಾಗಿತ್ತು ಎಂದು ಊಹಿಸುತ್ತೇವೆ.

ಇನ್ನು ಅರ್ಥ ಮಾಡುವ ಕೆಲಸ. ಅವಸರ ಪಡಬಾರದ ಜಾಗ ಇದು. ಮರಳಿನ ಪದರ ಕಂಡೊಡನೆ ಒಳ್ಳೆಯ ಮಳೆ ಎಂದು ಬರೆದುಬಿಡುತ್ತಾರೆ. ಬರದಿಂದ ಹುಲ್ಲು ಸತ್ತು ನೆಲ ಬೋಳಾದಾಗ ಬಿದ್ದ ಒಂದೇ ಬಿರುಸು ಮಳೆಯೂ ಮರಳು ತರುತ್ತದೆ. ಗುಡ್ಡದ ಮೇಲಿನ ಕಾಡು ಕಡಿದರೂ, ಹಳ್ಳ ದಿಕ್ಕು ಬದಲಿಸಿದರೂ ತರುತ್ತದೆ. ಆದ್ದರಿಂದ ಕನಿಷ್ಠ ಎರಡು ಗುಂಡಿ ನೋಡಿ: ಹಳ್ಳ ಕೆರೆಗೆ ಸೇರುವ ಕಡೆ ಒಂದು, ತೂಬಿನ ಹತ್ತಿರ ಇನ್ನೊಂದು. ಎರಡರಲ್ಲೂ ಇರುವ ಪದರಕ್ಕೆ ಮಾತ್ರ ಇಡೀ ಕೆರೆಯ ಮಾತು ಎನ್ನುವ ಅಧಿಕಾರ ಉಂಟು. ಬಿರುಕುಗಳಲ್ಲಿ ಮೇಲಿನ ಮಣ್ಣು ತುಂಬಿಕೊಂಡಿದ್ದರೆ ಕೆರೆ ಪೂರ್ತಿ ಒಣಗಿತ್ತು ಎನ್ನಬಹುದು. ಇದು ಮರಳಿಗಿಂತ ಗಟ್ಟಿ ಸಾಕ್ಷ್ಯ. ಆದರೆ ಅಂಥ ಪದರ ಕಂಡ ಕೂಡಲೇ 1876ರ ಧಾತು ಸಂವತ್ಸರದ ಬರಕ್ಕೆ ಹಚ್ಚಬೇಡಿ. ಕಾಲಕ್ಕೆ ಬೇರೆ ಸಾಕ್ಷಿ ಬೇಕು. ಶಾಂಪೂ ಪೊಟ್ಟಣ ಸಿಕ್ಕರೆ ಆ ಪದರ ತೀರಾ ಈಚಿನದು. ಇದ್ದಿಲ ಚೂರನ್ನು ಬರಿಗೈಯಲ್ಲಿ ಮುಟ್ಟದೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿಟ್ಟರೆ ಅದರಲ್ಲಿ ಕಾಲ ಕಳೆದಂತೆ ಕಡಿಮೆಯಾಗುತ್ತ ಹೋಗುವ ಇಂಗಾಲ-14ರಿಂದ ವಯಸ್ಸು ಕಟ್ಟಬಹುದು. ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ವೇದಾವತಿ ಬಯಲಿನ ಕೆರೆಗಳಲ್ಲಿ ತೀರಾ ಮೇಲಿನ ದಪ್ಪ ಪದರವನ್ನು 2022ರ ಜೊತೆ ಹೋಲಿಸಿ ನೋಡಬಹುದು.

ಕಣ್ಣಿಗೆ ಅಭ್ಯಾಸ ಬೇಕೆಂದರೆ ಹಿರಿಯೂರು ದಾರಿಯಲ್ಲಿ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಹೋಗಿ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ದಿಂಬುಗಳ ರಾಶಿಯಂತೆ ಹೆಪ್ಪುಗಟ್ಟಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಹಾಕಬಾರದು. ಒಂದೊಂದು ದಿಂಬಿನ ಉಬ್ಬಿದ ಬೆನ್ನು ಮೇಲಿನ ದಿಕ್ಕು, ಎರಡರ ಸಂದಿಗೆ ಇಳಿದ ಚೂಪು ಬಾಲ ಕೆಳಗಿನ ದಿಕ್ಕು. ಬಂಡೆ ಎಷ್ಟೇ ಮಗುಚಿದ್ದರೂ ಬಾಣ ಎತ್ತ ಹಾಕಬೇಕು ಎಂಬುದು ಅಲ್ಲಿ ತಿಳಿಯುತ್ತದೆ.

ಕೊನೆಯದಾಗಿ, ಮಳೆಗಾಲಕ್ಕೆ ಮುಂಚೆ ಮಾಡಬೇಕಾದ್ದು. ಹೂಳು ತೆಗೆಯದೆ ಬಿಟ್ಟ ಒಣ ಅಂಗಳದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಇಟ್ಟಿಗೆ ಪುಡಿಯನ್ನು ತೆಳ್ಳಗೆ ಹರಡಿ, ನಾಲ್ಕು ಮೂಲೆಗೆ ಗೂಟ ಹೊಡೆದು, ಮೊಬೈಲಿನಲ್ಲಿ ಆ ಸ್ಥಳವನ್ನು ಗುರುತು ಮಾಡಿಕೊಳ್ಳಿ. ಮುಂದಿನ ಬೇಸಿಗೆಯಲ್ಲಿ ಅಲ್ಲೇ ಕತ್ತರಿಸಿ ನೋಡಿದರೆ ಕೆಂಪು ಗೆರೆಯ ಮೇಲೆ ಕೂತ ಮಣ್ಣು ಆ ಒಂದು ವರ್ಷದ್ದು. ಅದರ ದಪ್ಪವನ್ನು ತಾಲ್ಲೂಕಿನ ಮಳೆ ಮಾಪನದ ಅಂಕಿಯ ಪಕ್ಕ ಬರೆದಿಡಿ. ಅದೇ ಜಾಗಕ್ಕೆ ಮತ್ತೆ ಪುಡಿ ಹರಡಿ, ಪುಸ್ತಕದ ಒಂದು ಪ್ರತಿಯನ್ನು ಶಾಲೆಯಲ್ಲಿ ಇಡಿ. ಮುಂದಿನ ಬ್ಯಾಚಿನ ಮಕ್ಕಳಿಗೆ ಅಳತೆ ಮುಂದುವರಿಸಲು ಅದು ಬೇಕಾಗುತ್ತದೆ.