ಹುಬ್ಬಳ್ಳಿ ಶೆಡ್ಡಿನ್ಯಾಗ ತೇಲೋ ಮನಿ ಮಾಡಿದ್ವಿ

ನಂದು ಗೋಕುಲ ರೋಡಿನ್ಯಾಗ ಒಂದು ಫ್ಯಾಬ್ರಿಕೇಶನ್ ಶೆಡ್ ಐತ್ರಿ. ಗೇಟು, ಗ್ರಿಲ್ಲು, ಗೋಡೌನ್ ಟ್ರಸ್ಸು, ಟ್ರ್ಯಾಕ್ಟರ್ ಟ್ರೇಲರ್, ಇವೇ ನಮ್ಮ ಕೆಲಸ. ಹುಬ್ಬಳ್ಳ್ಯಾಗ ಕುಂತು ಸಮುದ್ರದ ಕಡೆ ಮನಿ ಮಾಡೋದು ಹೆಂಗ ಬಂತು ಅಂತ ಭಾಳ ಮಂದಿ ಕೇಳ್ತಾರ. ನಮ್ಮ ಕಲಘಟಗಿ ಕಡೆ ಹರಿಯೋ ಬೇಡ್ತಿ ಹೊಳಿನ ಮಾಗೋಡಿನ್ಯಾಗ ಧುಮುಕಿ, ಮುಂದ ಗಂಗಾವಳಿ ಅನ್ನೋ ಹೆಸರಿನ್ಯಾಗ ಅಂಕೋಲಾ ಕಡೆ ಸಮುದ್ರ ಸೇರತೈತಿ, ಆ ಹೊಳಿ ದಂಡಿಗೇ ನಮ್ಮ ಅಕ್ಕನ್ನ ಕೊಟ್ಟೀವಿ. 2019ರ ಆಗಸ್ಟ್‌ನ್ಯಾಗ ಅವರ ಮನ್ಯಾಗ ಎದಿ ಮಟ ನೀರು. ಅಕ್ಕಿ ಚೀಲ, ಹುಡುಗರ ಪುಸ್ತಕ, ಹಾಸಿಗಿ ಎಲ್ಲಾ ಹೋದ್ವು, ನಾ ಹೋಗಿ ಆ ಕೆಸರು ಬಳದು ಬಂದಾಗಿನಿಂದ ಇದೇ ತಲ್ಯಾಗ ಕುಂತಿತ್ತು, ನೀರು ಏರಿದಾಗ ಒಂದು ಖೋಲಿಯಾದ್ರೂ ಜೊತಿಗೆ ಏರಬೇಕು, ಮಂದಿ, ಕಾಗದಪತ್ರ, ಕಾಳುಕಡಿ ಅದ್ರಾಗ ಉಳೀಬೇಕು ಅಂತ.

ನೆದರ್ಲ್ಯಾಂಡ್ಸಿನ ಮಾಸ್‌ಬೊಮೆಲ್‌ನ್ಯಾಗ ಇಂಥ ಮನಿ ಅದಾವ, ಸುಮ್ನಿದ್ದಾಗ ನೆಲದ ಮ್ಯಾಲೆ ಕುಂತಿರತಾವ, ಪ್ರವಾಹ ಬಂದ್ರ ಕಂಬ ಹಿಡಕೊಂಡು ಐದೂವರಿ ಮೀಟರ್ ತನಕ ಏರತಾವ. ಅವುಕ್ಕ ಟೊಳ್ಳು ಕಾಂಕ್ರೀಟ್ ತಳ. ನಮಗ ಅಷ್ಟು ರೊಕ್ಕ ಎಲ್ಲಿಂದ ಬರಬೇಕು? ನಾವು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ತಗೊಂಡ್ವಿ. ಒಂದು ಡ್ರಮ್ ಪೂರ್ತಿ ಮುಳುಗಿದ್ರ 200 ಕೆಜಿ ನೀರು ಸರಸ್ತೈತಿ, ಅದರ ಸ್ವಂತ ತೂಕ ತಗದ್ರ 190 ಕೆಜಿ ಎತ್ತತೈತಿ ಅಂತ ಹಿಡೀರಿ. ಉಪ್ಪುನೀರಿನ್ಯಾಗ ಸಾವಿರ ಲೀಟರಿಗೆ ಇನ್ನೊಂದು 25 ಕೆಜಿ ಜಾಸ್ತಿ ಎತ್ತತೈತಿ, ಆದ್ರ ಮಳಿಗಾಲದಾಗ ಹೊಳಿನೀರು ಸಿಹಿ ಆಗಿರತೈತಿ, ಅದಕ್ಕ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.

ಶೆಡ್ಡಿನ ಗೋಡಿ ಮ್ಯಾಲೆ ಸೀಮೆಸುಣ್ಣದಾಗ ಬರದ್ವಿ. 12×20 ಫೂಟಿನ ಫ್ರೇಮ್ 1200 ಕೆಜಿ, ನೆಲದ ಪ್ಲೈವುಡ್ 260, ಗ್ವಾಡಿ ಛತ್ತು 650, ಎಂಟು ಮಂದಿ 520, ಮಂಚ ಅಡಗಿ ಸಾಮಾನು 400, ನೀರು 500, ಸೋಲಾರ್ ಬ್ಯಾಟರಿ 150. ಒಟ್ಟು 3680. ಮೂವತ್ತು ಡ್ರಮ್ಮಿಗೆ 5700. ಅಂದ್ರ ಮೂರು ಪಾಲಿನ್ಯಾಗ ಎರಡು ಪಾಲು ನೀರಾಗ, ಒಂದು ಪಾಲು ಮ್ಯಾಲೆ. ಲೆಕ್ಕ ಸರಿ ಇತ್ತು, ತಪ್ಪಿದ್ದು ಬ್ಯಾರೆ ಕಡೆ.

ಕಲಘಟಗಿ ಹತ್ರ ದೋಸ್ತನ ಕೃಷಿ ಹೊಂಡದಾಗ ಟ್ರಯಲ್ ಮಾಡಿದ್ವಿ, ಹೊಂಡದ ಪ್ಲಾಸ್ಟಿಕ್ ಹರೀಬಾರ್ದು ಅಂತ ದಂಡಿ ತುಂಬ ಗೋಣಿಚೀಲ ಹಾಸಿ ಇಳಿಸಿದ್ವಿ. ತೇಲ್ತು. ಎಲ್ಲಾರೂ ಚಪ್ಪಾಳಿ ಹೊಡದ್ರು. ಆಮ್ಯಾಲೆ ನೀರಿನ ಟ್ಯಾಂಕ್ ತುಂಬಿದ್ವಿ ನೋಡ್ರಿ. ಮನ್ಯಾಗ ಇಡೋ ಹಂಗ ಮೂಲ್ಯಾಗ ಆರು ಫೂಟಿನ ಸ್ಟ್ಯಾಂಡ್ ಮಾಡಿ 500 ಲೀಟರ್ ಟ್ಯಾಂಕ್ ಇಟ್ಟಿದ್ವಿ, ಆ ಮೂಲಿ ಒಂಬತ್ತು ಇಂಚು ಕೆಳಗ ಹೋತು, ಅದನ್ನ ನೋಡಾಕ ಅಂತ ಮೂರು ಹುಡುಗರು ಅದೇ ಮೂಲಿಗೆ ಬಂದು ನಿಂತ್ರು, ನೆಲದ ಮ್ಯಾಲೆ ನೀರು ಹರೀತು. ನಂಗ ಎದಿ ಧಸಕ್ ಅಂತು. ರಾತ್ರಿ ಅಕ್ಕನ ಮಕ್ಕಳು ಮಲಗಿದ್ದಾಗ ಹಿಂಗಾಗಿದ್ರ ಅಂತ ಅನ್ನೋದೇ ಮನಸಿನ್ಯಾಗ.

ತೂಕ ಎತ್ತೋದು ಬ್ಯಾರೆ, ಹೊರಳದಂಗ ನಿಲ್ಲೋದು ಬ್ಯಾರೆ, ಇದನ್ನ ಇದಕ್ಕ ಕೈ ಹಾಕೋರು ಮೊದಲು ತಿಳ್ಕೋಬೇಕ್ರಿ. ನಾವು ವೆಲ್ಡಿಂಗಿಗೆ ಸಲೀಸು ಅಂತ ಡ್ರಮ್ಮಿನ ಐದೂ ಸಾಲು ನಡುವ ಒತ್ತಿ ಇಟ್ಟಿದ್ವಿ. ಬಿಚ್ಚಿ, ಎರಡೆರಡು ಸಾಲು ಎರಡೂ ಅಂಚಿಗೆ ತಂದ್ವಿ, ಒಂದು ಸಾಲು ನಡುವ. ಅವೇ ಮೂವತ್ತು ಡ್ರಮ್, ಒಂದೂ ಜಾಸ್ತಿ ಇಲ್ಲ, ಆದ್ರ ಅಲುಗಾಟ ಎದ್ದು ಕಾಣೋ ಹಂಗ ಕಡಿಮಿ ಆತು. ಟ್ಯಾಂಕ್ ಎರಡು ಮಾಡಿ, 250 ಲೀಟರಿನವು, ನೆಲದ ಕೆಳಗ ಆ ಕಡೆ ಒಂದು ಈ ಕಡೆ ಒಂದು ಇಟ್ವಿ. ಅರ್ಧ ತುಂಬಿದ ದೊಡ್ಡ ಟ್ಯಾಂಕ್ ಇನ್ನೂ ಕೆಟ್ಟದ್ದು, ಮನಿ ಯಾವ ಕಡೆ ವಾಲತೈತೋ ನೀರೂ ಅದೇ ಕಡೆ ಓಡಿ ಇನ್ನಷ್ಟು ವಾಲಸ್ತೈತಿ. ನೈಜೀರಿಯಾದ ಲೇಗೋಸಿನ್ಯಾಗ ಮಕೋಕೊ ಅಂತ ನೀರಿನ ಮ್ಯಾಲಿನ ಬಸ್ತಿ ಐತಿ, ಅಲ್ಲಿ 2013ರಾಗ ಡ್ರಮ್ಮಿನ ಮ್ಯಾಲೇನ ಮೂರಂತಸ್ತಿನ ತೇಲೋ ಶಾಲಿ ಕಟ್ಟಿದ್ರು, 2016ರ ಜೋರು ಮಳ್ಯಾಗ ಬಿತ್ತು. ಅದನ್ನ ಓದಿದ ಮ್ಯಾಲೆ ಅಟ್ಟ ಮಾಡಬೇಕು ಅನ್ನೋ ವಿಚಾರ ಕೈಬಿಟ್ಟೆ.

ಅರಬೈಲ್ ಘಟ್ಟ ಇಳೀಬೇಕಲ್ಲ, ಅದಕ್ಕ ಫ್ರೇಮ್ ಮೂರು ತುಂಡು ಮಾಡಿ ಲಾರಿ ಹಾಕಿ, ಅಲ್ಲೇ ಬೋಲ್ಟ್ ಬಿಗದ್ವಿ. ಜಾಗ ಅಕ್ಕನವರದೇ ಗಜನಿ, ಉಬ್ಬರದ ನೀರು ಬಂದು ಹೋಗೋ ಗದ್ದಿ. ಉಬ್ಬರ ಮುಟ್ಟೋ ಜಾಗಕ್ಕ ಸಿಆರ್‌ಝಡ್, ಅಂದ್ರ ಕರಾವಳಿ ನಿಯಂತ್ರಣ ವಲಯದ ನಿಯಮ ಬರತಾವ, ಅದಕ್ಕ ಕಬ್ಬಿಣ ಕೊಳ್ಳೋಕಿಂತ ಮೊದಲು ಆಫೀಸಿಗೆ ಹೋಗಿ ಕೇಳ್ರಿ, ನಾವು ಹಂಗೇ ಮಾಡಿದ್ವಿ.

ಮನಿ ಆಚೀಚಿ ಹೋಗದಂಗ ಹಿಡಕೊಳ್ಳಾಕ ನಾಕು ನಿಂತ ಪೈಪು, ಅವನ್ನ ಹಿಡದು ಮ್ಯಾಲೆ ಕೆಳಗ ಜಾರಾಕ ರಬ್ಬರ್ ರೋಲರ್ ಇರೋ ಉಂಗುರ. ಪೈಪ್ ಎಷ್ಟು ಎತ್ತರ ಅನ್ನೋದು ಭಾಳ ಮುಖ್ಯ, ನೀರು ಪೈಪಿನ ತುದಿ ದಾಟಿದ್ರ ಮನಿ ಕಳಚಿಕೊಂಡು ಸಮುದ್ರದ ಕಡೆ ಹೋಗತೈತಿ. ಹಳೇ ಮನಿ ಗ್ವಾಡಿ ಮ್ಯಾಲೆ 2019ರ ನೀರಿನ ಗೆರಿ ಇನ್ನೂ ಐತಿ, ಗೌಂಡಿಗಳು ಬಳಸೋ ನೀರಿನ ಲೆವೆಲ್ ಪೈಪಿನ್ಯಾಗ ಆ ಗೆರಿ ಹಿಡದು, ಅದರ ಮ್ಯಾಲೆ ಐದು ಫೂಟು ಬಿಟ್ವಿ. ದಿನಾ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಹಂಗಾಗಿ ಕರೆಂಟಿನ ವಾಯರು ಸಡಿಲ ಬಿಟ್ಟು ಸುರುಳಿ ಹಾಕಿರಬೇಕು.

ತುಕ್ಕಿನ ವಿಷಯದಾಗ ಹುಬ್ಬಳ್ಳಿ ಅನುಭವ ಏನೂ ಕೆಲಸಕ್ಕ ಬರಲಿಲ್ರಿ. ಎರಡು ಕೋಟ್ ಪೇಂಟ್ ಹೊಡದ ಫ್ರೇಮಿಗೆ ಗಟ್ಟಿ ಇರ್ಲಿ ಅಂತ ಸ್ಟೇನ್‌ಲೆಸ್ ಬೋಲ್ಟ್ ಹಾಕಿದ್ದೆ. ಮೂರು ತಿಂಗಳಿಗೆ ಬೋಲ್ಟ್ ಹೊಳೀತಿದ್ವು, ಬಿಗಿಯೋವಾಗ ಪೇಂಟ್ ಕೆತ್ತಿದ್ದ ಜಾಗದಾಗ ಸುತ್ತಲಿನ ಕಬ್ಬಿಣ ಪದರು ಪದರು ಎದ್ದಿತ್ತು. ಎರಡು ಜಾತಿ ಲೋಹ, ನಡುವ ಉಪ್ಪುನೀರು, ಅದೊಂದು ಬ್ಯಾಟರಿ ಇದ್ದಂಗ, ಕಬ್ಬಿಣ ಕರಗತೈತಿ. ಇಡೀ ಫ್ರೇಮ್ ವಾಪಸ್ ತಂದು ಹಾಟ್ ಡಿಪ್ ಗ್ಯಾಲ್ವನೈಸಿಂಗ್, ಅಂದ್ರ ಕರಗಿದ ಸತುವಿನ್ಯಾಗ ಅದ್ದಿ ಲೇಪ ಮಾಡಿಸಿ, ಬೋಲ್ಟೂ ಅದೇ ಜಾತಿ ಹಾಕಿದ್ವಿ. ನೀರಾಗ ಮುಳುಗಿರೋ ಪೈಪಿಗೆ ಸತುವಿನ ಗಟ್ಟಿ ಕಟ್ಟೀವಿ, ಕಬ್ಬಿಣದ ಬದಲಿ ಅದು ಸವೀತೈತಿ.

ಸಂಡಾಸದ ನೀರು ಹೊರಗ ಬಿಡಬಾರ್ದು ಅಂತ ಅಕ್ಕನೇ ಹಟ ಹಿಡದ್ಲು, ಆ ನೀರಾಗಿನ ಚಿಪ್ಪೆಕಲ್ಲು, ಅಂದ್ರ ಚಿಪ್ಪಿನೊಳಗ ಬದುಕೋ ಜೀವಿ, ಊರ ಮಂದಿ ಆರಿಸಿ ತಿಂತಾರ. ಅದಕ್ಕ ಕಟ್ಟಿಗಿ ಹೊಟ್ಟು ಹಾಕೋ ಗೊಬ್ಬರದ ಸಂಡಾಸ ಮಾಡಿದ್ವಿ. ಕುಡಿಯಾಕ ಛತ್ತಿನ ಮಳಿನೀರು. 100 ಮಿಲಿಮೀಟರ್ ಮಳಿ ಆದ್ರ ಆ ಛತ್ತಿನಿಂದ 2000 ಲೀಟರ್ ಮ್ಯಾಲೆ ಬರತೈತಿ. ವಾರಗಟ್ಲೆ ನಳಾ ಕಾಯೋ ನಮ್ಮ ಓಣಿ ಮಂದಿಗೆ ಇದನ್ನ ಹೇಳಿದ್ರ ನಂಬಲ್ಲ.

ಇದರಿಂದ ಎಲ್ಲಾ ಅಪಾಯ ತಪ್ಪತೈತಿ ಅಂತ ನಾ ಯಾರಿಗೂ ಹೇಳಲ್ಲ. 2024ರ ಜುಲೈ 16ಕ್ಕ ಶಿರೂರಿನ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದು, ಎದುರು ದಂಡಿ ಉಳುವರೆಗೆ ನೀರು ನುಗ್ಗಿ ಮನಿ ಕೊಚ್ಚಿಕೊಂಡು ಹೋದ್ವು. ಅಂಥಾ ನೀರಿಗೆ ನನ್ನ ನಾಕು ಪೈಪು ನಿಲ್ಲಂಗಿಲ್ಲ. ನಿಧಾನ ಏರೋ ನೀರಿಗೆ ಮಾತ್ರ ಇದು.

ದೀಪಾವಳಿ ಆದ ಮ್ಯಾಲೆ ಪ್ರತಿ ವರ್ಷ ಎರಡು ದಿನ ಅಲ್ಲಿಗೆ ಹೋಗ್ತೀನಿ. ಡ್ರಮ್ಮಿಗೆ ಹತ್ತಿದ ಚಿಪ್ಪು ಕೆರದು ತಗೀಬೇಕು, ಅದೂ ತೂಕಾನ. ಸತುವಿನ ಗಟ್ಟಿ ಅರ್ಧ ಸವದಿದ್ರ ಹೊಸಾದು, ರೋಲರಿಗೆ ಗ್ರೀಸು. ಈ ಸಲ ಭಾವನ ಮಗಾನೂ ನೀರಿಗೆ ಇಳದು ಕಲೀತೀನಿ ಅಂದಾನ, ಅವನಿಗೆ ಒಂದು ಚಲೋ ಸ್ಕ್ರೇಪರ್ ಶೆಡ್ಡಿನ್ಯಾಗ ಮಾಡಿ ಇಟ್ಟೀನಿ.