ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರನ್ನು ನಾನು ಆರಿಸಿದ ಬಗೆ

ವಾರವಿಡೀ ಕೆಲಸಕ್ಕೆ ಹೋಗಿಬರಲು ಒದಗಬೇಕು, ತಿಂಗಳಿಗೊಂದು ದಿನ ಟ್ರ್ಯಾಕಿನ (ರೇಸಿನ ಪಥದ) ಮೇಲೆ ಮನಸಾರೆ ಓಡಿಸಲು ಸಿಗಬೇಕು, ಸಂಜೆ ಅದೇ ಕಾರು ನನ್ನನ್ನು ಮನೆಗೆ ತಲುಪಿಸಬೇಕು. ಸ್ಪೋರ್ಟ್ಸ್ ಕಾರು ಹುಡುಕಲು ಹೊರಟಾಗ ನನಗಿದ್ದ ಷರತ್ತುಗಳು ಇವು ಮೂರೇ. ಮೂರನೆಯದು ಕೇಳಲು ಸಣ್ಣದೆನಿಸಿದರೂ ಕೊನೆಗೆ ಆಯ್ಕೆಯನ್ನು ನಿರ್ಧರಿಸಿದ್ದು ಅದೇ. ಕಾರನ್ನು ಟ್ರೇಲರ್ ಮೇಲೆ ಹೇರಿಕೊಂಡು ಹೋಗುವವರು ಎಂಜಿನ್ ಕೈಕೊಟ್ಟರೂ ಮನೆ ಸೇರುತ್ತಾರೆ. ಓಡಿಸಿಕೊಂಡೇ ಹೋಗಿ ಓಡಿಸಿಕೊಂಡೇ ಬರುವವರಿಗೆ ಆ ಅನುಕೂಲವಿಲ್ಲ. ಹಾಗಾಗಿ ಯಾವ ಕಾರಿಗೆ ಎಷ್ಟು ಅಶ್ವಶಕ್ತಿ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ದಿನವಿಡೀ ಬಿಸಿಯಲ್ಲಿ ದುಡಿದ ಮೇಲೂ ಸೊರಗದೆ ಉಳಿಯುವ ಕಾರು ಯಾವುದು ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಎಂಟು ತಿಂಗಳು ಹುಡುಕಿದೆ.

ಮೊದಲು ನೋಡಿದ್ದು ತೂಕವನ್ನು. ಟ್ರ್ಯಾಕಿನಲ್ಲಿ ಬ್ರೇಕು, ಟಯರು, ಬೇರಿಂಗು ಎಲ್ಲವೂ ಸವೆಯುವುದು ಕಾರಿನ ತೂಕಕ್ಕೆ ತಕ್ಕಂತೆ. 1100 ಕೆಜಿಯ ಕಾರನ್ನು ಗಂಟೆಗೆ 160 ಕಿಮೀ ವೇಗದಿಂದ 80ಕ್ಕೆ ಇಳಿಸಿದರೆ ಸುಮಾರು 8 ಲಕ್ಷ ಜೂಲ್‌ನಷ್ಟು ಶಕ್ತಿ ಶಾಖವಾಗಿ ಹೊರಬರುತ್ತದೆ. 1500 ಕೆಜಿಯ ಕಾರಿನಲ್ಲಿ ಅದು 11 ಲಕ್ಷವನ್ನು ದಾಟುತ್ತದೆ. ಅದರ ಬಹುಪಾಲನ್ನು ನಾಲ್ಕು ಬ್ರೇಕ್ ಡಿಸ್ಕುಗಳು ನುಂಗಿಕೊಳ್ಳಬೇಕು. ಒಂದು ಲ್ಯಾಪಿನಲ್ಲಿ ಇಂತಹ ಐದಾರು ಬ್ರೇಕಿಂಗ್, ಇಪ್ಪತ್ತು ನಿಮಿಷದ ಒಂದು ಸೆಷನ್ನಿನಲ್ಲಿ ಹತ್ತು ಲ್ಯಾಪು ಎಂದು ಲೆಕ್ಕ ಹಾಕಿದರೆ, ಭಾರವಾದ ಕಾರಿಗೆ ದೊಡ್ಡ ಡಿಸ್ಕು, ಅದನ್ನು ಒತ್ತಿ ಹಿಡಿಯುವ ದುಬಾರಿ ಪ್ಯಾಡು, ಅಗಲವಾದ ಟಯರು ಏಕೆ ಬೇಕಾಗುತ್ತವೆ ಎಂಬುದು ತಾನಾಗಿ ತಿಳಿಯುತ್ತದೆ. ಕಾರು ಕೊಳ್ಳುವ ದಿನ ಕೊಡುವ ಹಣ ಒಮ್ಮೆ ಮಾತ್ರ ಕೊಡುವಂಥದ್ದು. ತೂಕಕ್ಕೆ ತೆರುವ ಹಣ ಪ್ರತಿ ಟ್ರ್ಯಾಕ್ ದಿನವೂ ಕೈಯಿಂದ ಹೋಗುತ್ತಲೇ ಇರುತ್ತದೆ.

ಈ ಕಾರಣಕ್ಕೇ ನಾನು ಬಹಳ ಇಷ್ಟಪಡುವ ಇ46 ಸರಣಿಯ ಬಿಎಂಡಬ್ಲ್ಯು ಎಂ3 ನನ್ನ ಪಟ್ಟಿಯಿಂದ ಬೇಗನೆ ಹೊರಬಿತ್ತು. ಅದರ ಆರು ಸಿಲಿಂಡರಿನ 3.2 ಲೀಟರ್ ಎಂಜಿನ್ 8000 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ಏರುವಾಗಿನ ಸದ್ದಿಗೆ ಸಾಟಿಯಿಲ್ಲ. ಆದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಸವೆಯುವುದು, ಹಿಂಚಕ್ರಗಳ ಜೋಡಣೆಯನ್ನು ಹೊರುವ ಹಿಂಬದಿಯ ಸಬ್‌ಫ್ರೇಮ್ ಕೂರುವ ಜಾಗದಲ್ಲಿ ತಳದ ತಗಡು ಬಿರುಕು ಬಿಡುವುದು ಆ ಮಾದರಿಯ ಎಲ್ಲರಿಗೂ ಗೊತ್ತಿರುವ ದೌರ್ಬಲ್ಯಗಳು, ಮತ್ತು ಟ್ರ್ಯಾಕಿನ ಓಟ ಎರಡನ್ನೂ ಬೇಗ ಹೊರಗೆಳೆಯುತ್ತದೆ. ಲೋಟಸ್ ಎಲೀಸ್ ಇದಕ್ಕೆ ತದ್ವಿರುದ್ಧ. 1996ರ ಮೊದಲ ಮಾದರಿಯ ತೂಕ ಮುಕ್ಕಾಲು ಟನ್ನಿಗೂ ಕಡಿಮೆ, ಟ್ರ್ಯಾಕಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅಂಟಿನಿಂದ ಬೆಸೆದ ಅದರ ಅಲ್ಯೂಮಿನಿಯಂ ಚಾಸಿಗೆ (ಮೂಲ ಚೌಕಟ್ಟಿಗೆ) ಒಮ್ಮೆ ಪೆಟ್ಟು ಬಿದ್ದರೆ ಸರಿಪಡಿಸುವುದು ಸುಲಭವಲ್ಲ, ದಿನಬಳಕೆಗೂ ಅದು ನನ್ನ ಬೆನ್ನಿಗೆ ಒಗ್ಗಲಿಲ್ಲ.

ಉಳಿದವು ಮೂರು: ಹೋಂಡಾ ಎಸ್2000, ಪೋರ್ಶೆ ಬಾಕ್ಸ್‌ಸ್ಟರ್, ಮಜ್ದಾ ಎಂಎಕ್ಸ್-5. 1999ರಿಂದ 2009ರವರೆಗೆ ತಯಾರಾದ ಎಸ್2000ದ ಮೊದಲ ಮಾದರಿಯ ಎರಡು ಲೀಟರ್ ಎಂಜಿನ್ 9000 ಆರ್‌ಪಿಎಂವರೆಗೆ ಏರುತ್ತದೆ. ಅಷ್ಟು ಮೇಲೆ ಸತತವಾಗಿ ಓಡಿಸಿದಾಗ ಎಂಜಿನ್ ಆಯಿಲನ್ನೂ ಕುಡಿಯುತ್ತದೆ. ನಾನು ನೋಡಿದ ಒಂದು ಎಸ್2000ದಲ್ಲಿ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಕಡ್ಡಿಯನ್ನು ಎಳೆದಾಗ ಆಯಿಲು ಕೆಳಗಿನ ಗುರುತಿಗೂ ತಲುಪಿರಲಿಲ್ಲ. ಮಾಲೀಕರು ಸಜ್ಜನರೇ, ಸರ್ವಿಸ್ ಮಾಡಿಸಿ ನಾಲ್ಕೇ ತಿಂಗಳಾಯಿತೆಂದು ಬಿಲ್ಲನ್ನೂ ತೋರಿಸಿದರು. ಆದರೆ ಎರಡು ಸರ್ವಿಸ್‌ಗಳ ನಡುವೆ ಡಿಪ್‌ಸ್ಟಿಕ್ ನೋಡಬೇಕೆಂಬ ಅಭ್ಯಾಸ ಅವರಿಗಿರಲಿಲ್ಲ. ಓಡಿಸಿ ನೋಡಿದಾಗ ಎರಡನೇ ಗೇರು ಕರ್ರೆಂದು ಒಳಹೋಯಿತು. ಗೇರು ನಯವಾಗಿ ಕೂರುವಂತೆ ಮಾಡುವ ಸಿಂಕ್ರೊ ಸವೆದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ, ಕೈಮುಗಿದು ಬಂದೆ.

ಬಾಕ್ಸ್‌ಸ್ಟರ್ ವಿಷಯದಲ್ಲಿ ಹೆಚ್ಚು ಹೊತ್ತು ನಿಂತೆ. ಎಂಜಿನ್ ನಡುವಿನಲ್ಲಿರುವುದರಿಂದ ತಿರುವಿನಲ್ಲಿ ಅದು ತಿರುಗುವ ನಯ ಬೇರೆಯೇ. ಆದರೆ 1996ರಲ್ಲಿ ಬಂದ ಮೊದಲ ಪೀಳಿಗೆಯ ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ಒಳದಂಡದ ಬೇರಿಂಗು ಮುರಿದರೆ ಇಡೀ ಎಂಜಿನ್ನೇ ಹೋಗುತ್ತದೆ. 2009ರ ಪರಿಷ್ಕೃತ ಎಂಜಿನ್‌ಗಳಲ್ಲಿ ಆ ಶಾಫ್ಟೇ ಇಲ್ಲ. ಈ ಕಾರುಗಳಲ್ಲಿ ಕೊಳ್ಳುವವನಿಗೆ ಒಂದು ದೊಡ್ಡ ಉಪಕಾರವೂ ಇದೆ. ಎಂಜಿನ್ ತನ್ನ ಮಿತಿಯನ್ನು ಮೀರಿ ಎಷ್ಟು ಸಲ ತಿರುಗಿದೆ ಎಂಬುದನ್ನು ಎಂಜಿನ್ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ನಾಲ್ಕರಿಂದ ಐದಕ್ಕೆ ಹಾಕುವ ಭರದಲ್ಲಿ ಮೂರಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ, ಅಲ್ಲಿ ಎಂಜಿನ್ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್ ಏನೂ ಮಾಡಲಾರದು. ನಾನು ನೋಡಿದ ಕಾರಿನ ಆ ದಾಖಲೆಯನ್ನು ಓದಿಸಿಕೊಡಿ ಎಂದು ಕೇಳಿದೆ. ಮಾರುವವರು ಅದಕ್ಕೆ ಒಪ್ಪಲಿಲ್ಲ, ನಾನು ಮುಂದಿನ ಮಾತನಾಡಲಿಲ್ಲ.

ಟ್ರ್ಯಾಕಿನಲ್ಲಿ ಓಡಿದ ಕಾರನ್ನು ಕೊಳ್ಳಲೇಬಾರದು ಎಂದು ಹಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಟ್ರ್ಯಾಕಿನಲ್ಲಿ ಓಡಿ, ಪ್ರತಿಯೊಂದಕ್ಕೂ ದಾಖಲೆ ಇಟ್ಟುಕೊಂಡ ಕಾರು, ಏನೂ ಬರೆದಿಡದೆ ಶೆಡ್ಡಿನಲ್ಲಿ ನಿಂತ ಕಾರಿಗಿಂತ ಮೇಲು. ಹೆದರಬೇಕಾದದ್ದು ಟ್ರ್ಯಾಕಿನಲ್ಲಿ ಓಡಿಸಿ, ಓಡಿಸಿಲ್ಲ ಎನ್ನುವವರಿಗೆ. ಅದನ್ನು ಕಾರೇ ಹೇಳಿಬಿಡುತ್ತದೆ. ಚಕ್ರದ ಕಡ್ಡಿಗಳ ನಡುವೆ ಟಾರ್ಚು ಬಿಟ್ಟು ಡಿಸ್ಕು ನೋಡಿದರೆ, ರಸ್ತೆಯಲ್ಲಿ ಮಾತ್ರ ಓಡಿದ ಡಿಸ್ಕಿನ ಮೇಲೆ ಗೀರುಗಳು ಸುತ್ತಲೂ ವೃತ್ತವಾಗಿ ಇರುತ್ತವೆ. ಪದೇಪದೇ ಕಾದ ಡಿಸ್ಕಿನ ಮೇಲೆ ಕೂದಲೆಳೆಯಂತಹ ಬಿರುಕುಗಳು ನಡುವಿನಿಂದ ಅಂಚಿನ ಕಡೆಗೆ ಹೊರಟಿರುತ್ತವೆ, ಲೋಹ ಅಲ್ಲಲ್ಲಿ ನೀಲಿಗಟ್ಟಿರುತ್ತದೆ. ಚಕ್ರದ ಗೂಡಿನ ಒಳಗೆ, ಪ್ಲಾಸ್ಟಿಕ್ ಹೊದಿಕೆಯ ಸಂದಿಯಲ್ಲಿ ಕೈಯಾಡಿಸಿದರೆ ಬಿಸಿ ಟಯರಿಗೆ ಅಂಟಿ ಸಿಡಿದ ರಬ್ಬರಿನ ಕಪ್ಪು ಉಂಡೆಗಳು ಸಿಗುತ್ತವೆ. ಬಾಗಿಲ ಮೇಲೆ ನಂಬರಿನ ಸ್ಟಿಕ್ಕರ್ ಕಿತ್ತ ಚೌಕ ಬೆಳಕಿಗೆ ಓರೆಯಾಗಿ ನಿಂತರೆ ಕಾಣುತ್ತದೆ. ಎಂದೂ ಟ್ರ್ಯಾಕಿಗೆ ಹೋಗಿಲ್ಲ ಎಂದು ಆಣೆ ಇಟ್ಟವರ ಕಾರಿನಲ್ಲಿ ಈ ಮೂರನ್ನೂ ನಾನು ಒಂದೇ ದಿನ ಕಂಡಿದ್ದೇನೆ.

ಅಂತೂ ನನ್ನ ಮನಸ್ಸು ನಿಂತದ್ದು ಎಂಎಕ್ಸ್-5ರ ಮೂರನೆಯ ಪೀಳಿಗೆಯ ಮೇಲೆ. 2005ರಿಂದ 2015ರವರೆಗೆ ತಯಾರಾದ ಈ ಕಾರಿನ ಎರಡು ಲೀಟರ್ ಎಂಜಿನ್ನಿಗೆ 2009ರ ಪರಿಷ್ಕರಣೆಯಲ್ಲಿ ಫೋರ್ಜ್ ಮಾಡಿದ (ಬಡಿದು ಗಟ್ಟಿಗೊಳಿಸಿದ) ಕ್ರ್ಯಾಂಕ್‌ಶಾಫ್ಟ್ ಬಂತು, ಮಿತಿ 7500 ಆರ್‌ಪಿಎಂಗೆ ಏರಿತು. ಮಡಚುವ ಗಟ್ಟಿ ಮಾಡಿನ ಮಾದರಿ ಸುಂದರವಾಗಿದ್ದರೂ ಅದರ ಯಂತ್ರದ ತೂಕ ಬೇಡವೆಂದು ಬಟ್ಟೆಯ ಮಾಡಿನದನ್ನೇ ಹುಡುಕಿದೆ. ಕೊನೆಗೆ ಕೊಂಡ ಕಾರಿನ ಮಾಲೀಕರು ನನ್ನ ಕೈಗೆ ಮೊದಲು ಕೊಟ್ಟದ್ದು ಕೀಲಿಯನ್ನಲ್ಲ, ಒಂದು ನೋಟ್ ಪುಸ್ತಕವನ್ನು. ಯಾವ ದಿನ ಎಷ್ಟು ಕಿಮೀಗೆ ಆಯಿಲ್ ಬದಲಾಯಿತು, ಯಾವ ಪ್ಯಾಡು ಎಷ್ಟು ಮಿಲಿಮೀಟರ್ ಉಳಿದಿದೆ, ಒಟ್ಟು ಹನ್ನೊಂದು ಟ್ರ್ಯಾಕ್ ದಿನಗಳಲ್ಲಿ ಪ್ರತಿಯೊಂದರ ಹವಾಮಾನವೇನು ಎಂಬುದೆಲ್ಲ ಅದರಲ್ಲಿ ಸಣ್ಣ ಅಕ್ಷರಗಳಲ್ಲಿ ಇತ್ತು.

ಪುಸ್ತಕವನ್ನು ನಂಬಿದರೂ ಪರೀಕ್ಷೆಯನ್ನು ಬಿಡಲಿಲ್ಲ. ನಾನು ಬರುವ ಮುಂಚೆ ಎಂಜಿನ್ ಚಾಲು ಮಾಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಬಾನೆಟ್ ಮೇಲೆ ಅಂಗೈ ಇಟ್ಟು ತಣ್ಣಗಿದೆ ಎಂದು ಖಚಿತವಾದ ಮೇಲೆಯೇ ಕೀಲಿ ತಿರುಗಿಸಿದ್ದು. ತಣ್ಣನೆಯ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಮಾಡುವ ಸದ್ದನ್ನು ಬಿಸಿ ಎಂಜಿನ್ ಮರೆಮಾಚಿಬಿಡುತ್ತದೆ. ಬಳಿಕ ನನ್ನ ಪರಿಚಯದ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿನ ಬಳಿ ಲಿಫ್ಟಿಗೆ ಏರಿಸಿ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡದ ಅಳತೆ, ಮಾಡಿಸಿದೆ. ಇಲ್ಲಿ ಅಂಕಿ ಎಷ್ಟಿದೆ ಎಂಬುದಕ್ಕಿಂತ ನಾಲ್ಕೂ ಸಿಲಿಂಡರುಗಳು ಒಂದಕ್ಕೊಂದು ಎಷ್ಟು ಹತ್ತಿರದಲ್ಲಿವೆ ಎಂಬುದು ಮುಖ್ಯ. ನನ್ನ ಕಾರಿನಲ್ಲಿ ಅಂತರ ಶೇಕಡ 5ರ ಒಳಗಿತ್ತು. ಬಟ್ಟೆಯ ಮಾಡಿನಿಂದ ಇಳಿಯುವ ಮಳೆನೀರು ಸೀಟಿನ ಹಿಂದಿನ ಕೊಳವೆಗಳ ಮೂಲಕ ಹೊರಹೋಗಬೇಕು. ಅವು ಎಲೆಕಸದಿಂದ ಕಟ್ಟಿಕೊಂಡರೆ ನೀರು ಒಳಗೆ ನಿಂತು ಬಾಗಿಲ ಕೆಳಗಿನ ಸಿಲ್ಲಿಗೆ ತುಕ್ಕು ಹಿಡಿಯುತ್ತದೆ. ಒಂದು ಲೋಟ ನೀರು ಸುರಿದು, ಅದು ಚಕ್ರದ ಮುಂದೆ ನೆಲಕ್ಕೆ ತೊಟ್ಟಿಕ್ಕುವವರೆಗೆ ಕಾದು ನೋಡಿದೆವು.

ತೆರೆದ ಕಾರು ಕೊಳ್ಳುವವರು ಮರೆಯುವ ಒಂದು ಪರೀಕ್ಷೆಯನ್ನು ಇಲ್ಲಿ ಒತ್ತಿ ಹೇಳಬೇಕು. ಹೆಲ್ಮೆಟ್ ಹಾಕಿಕೊಂಡು, ಓಡಿಸುವ ಭಂಗಿಯಲ್ಲೇ ಕುಳಿತು, ಮುಂಗಾಜಿನ ಚೌಕಟ್ಟಿನ ಮೇಲಿನಿಂದ ಹಿಂದಿನ ರೋಲ್ ಬಾರ್ (ಕಾರು ಮಗುಚಿದಾಗ ತಲೆ ಕಾಯುವ ಲೋಹದ ಕಮಾನು) ಮೇಲಕ್ಕೆ ಒಂದು ಉದ್ದನೆಯ ಕೋಲನ್ನು ಅಡ್ಡವಾಗಿ ಇಡಿಸಿ. ಹೆಲ್ಮೆಟ್ಟು ಕೋಲಿಗಿಂತ ಕನಿಷ್ಠ ಎರಡು ಅಂಗುಲ ಕೆಳಗಿರಬೇಕು. ಕಾರು ಮಗುಚಿದರೆ ನೆಲ ಬಂದು ನಿಲ್ಲುವುದು ಆ ಕೋಲಿನ ಜಾಗಕ್ಕೆ. ನನ್ನ ಹೆಲ್ಮೆಟ್ಟು ಕೋಲನ್ನು ಮುಟ್ಟುತ್ತಿತ್ತು. ಹಾಗಾಗಿ ಎತ್ತರದ ರೋಲ್ ಬಾರ್ ಮತ್ತು ತಗ್ಗಿನ ಸೀಟನ್ನು ಕೂರಿಸುವವರೆಗೆ ಟ್ರ್ಯಾಕಿಗೆ ಇಳಿಯಬಾರದೆಂದು ನಿರ್ಧರಿಸಿದೆ, ಅದಕ್ಕೆ ಎರಡು ತಿಂಗಳು ಹಿಡಿಯಿತು.

ಕೊಳ್ಳುವಾಗ ಇದ್ದ ಹಣವನ್ನೆಲ್ಲ ಕಾರಿಗೇ ಸುರಿಯದೆ ಕಾಲು ಭಾಗ ಎತ್ತಿಟ್ಟಿದ್ದು ನಾನು ಮಾಡಿದ ಒಳ್ಳೆಯ ಕೆಲಸ. ಆದರೂ ಒಂದು ತಪ್ಪು ನಡೆಯಿತು. ಪ್ಯಾಡುಗಳನ್ನು ಹೊಸದಾಗಿ ಹಾಕಿಸಿದೆ, ಬ್ರೇಕ್ ಆಯಿಲ್ ಬದಲಾಯಿಸಿ ಒಂದೂವರೆ ವರ್ಷವಾಗಿದೆ ಎಂದು ಅದೇ ಪುಸ್ತಕದಲ್ಲಿ ಓದಿಯೂ ಮುಂದಿನ ಸಲ ನೋಡೋಣವೆಂದು ಬಿಟ್ಟೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಮೊದಲ ಟ್ರ್ಯಾಕ್ ದಿನದ ಮೂರನೇ ಸೆಷನ್ನಿನಲ್ಲಿ, ಉದ್ದನೆಯ ನೇರದಾರಿಯ ತುದಿಯಲ್ಲಿ ಕಾಲಿಟ್ಟ ಪೆಡಲು ಒದ್ದೆ ಹತ್ತಿಯ ಮೇಲೆ ಕಾಲಿಟ್ಟಂತೆ ತಳದವರೆಗೆ ಹೋಯಿತು. ಕೊಳವೆಯೊಳಗೆ ಆಯಿಲು ಕುದಿದು ಆವಿಯಾಗಿತ್ತು. ಎರಡು ಮೂರು ಸಲ ಬೇಗಬೇಗ ಒತ್ತಿದ ಮೇಲೆ ಪೆಡಲು ಸ್ವಲ್ಪ ಗಟ್ಟಿಯಾಯಿತು, ಗೇರು ಇಳಿಸಿದೆ, ಅದೃಷ್ಟಕ್ಕೆ ತಿರುವಿನ ಹೊರಗೆ ಅಗಲವಾದ ಖಾಲಿ ಜಾಗವಿತ್ತು. ಅಂದು ಉಳಿದ ಸೆಷನ್‌ಗಳನ್ನು ಬಿಟ್ಟು, ಆಯಿಲು ಪೂರ್ತಿ ತಣ್ಣಗಾಗುವವರೆಗೆ ಕಾದು ನಿಧಾನವಾಗಿ ಮನೆಗೆ ಬಂದೆ. ಈಗ ಆರು ತಿಂಗಳಿಗೊಮ್ಮೆ ತಪ್ಪದೆ, ಹೆಚ್ಚು ಶಾಖ ತಡೆಯುವ ಬ್ರೇಕ್ ಆಯಿಲನ್ನು ನಾನೇ ತುಂಬಿ, ನಾಲ್ಕೂ ಚಕ್ರದ ಬ್ರೇಕ್ ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರತೆಗೆಯುತ್ತೇನೆ.

ರಸ್ತೆಗೂ ಟ್ರ್ಯಾಕಿಗೂ ಹೊಂದಿಸುವಾಗ ಕೆಲವನ್ನು ಬಿಟ್ಟುಕೊಡಲೇಬೇಕು. ರೇಸಿನ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಪ್ರತಿ ಸಿಗ್ನಲ್ಲಿನಲ್ಲೂ ಕಿರುಚುತ್ತವೆ. ಅದಕ್ಕೇ ನಾನು ನಡುಮಟ್ಟದ ಪ್ಯಾಡು ಬಳಸುತ್ತೇನೆ. ಮುಂಚಕ್ರಗಳ ಕ್ಯಾಂಬರನ್ನು (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನವನ್ನು) ಎರಡು ಡಿಗ್ರಿಗೆ ಸ್ವಲ್ಪ ಕಡಿಮೆ ಒಳವಾಲಿಸಿ, ಟೋ (ಚಕ್ರಗಳ ಮುಂಭಾಗ ಒಳಗೋ ಹೊರಗೋ ತಿರುಗಿರುವ ಅಳತೆ) ಶೂನ್ಯಕ್ಕೆ ಇಟ್ಟಿದ್ದೇನೆ. ಇದರಿಂದ ಟ್ರ್ಯಾಕಿನಲ್ಲಿ ಟಯರಿನ ಹೊರ ಅಂಚು ಉಳಿಯುತ್ತದೆ, ರಸ್ತೆಯಲ್ಲಿ ಒಳ ಅಂಚು ವಿಪರೀತ ಸವೆಯುವುದಿಲ್ಲ. ಸ್ಪ್ರಿಂಗುಗಳನ್ನು ಮುಟ್ಟಿಲ್ಲ. ಟಯರು ಕೊಳ್ಳುವಾಗ ಬದಿಯಲ್ಲಿ ಒತ್ತಿರುವ ನಾಲ್ಕಂಕಿಯ ಗುರುತನ್ನು ತಪ್ಪದೆ ಓದುತ್ತೇನೆ. 2319 ಎಂದಿದ್ದರೆ ಅದು 2019ರ 23ನೇ ವಾರದ್ದು. ಪಟ್ಟೆ ಎಷ್ಟೇ ಆಳವಿದ್ದರೂ ಹಳೆಯ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ವಿಮೆಯ ಕರಾರನ್ನೂ ಪೂರ್ತಿ ಓದಿಕೊಂಡೆ. ರಸ್ತೆಯ ವಿಮೆ ಸಾಮಾನ್ಯವಾಗಿ ಟ್ರ್ಯಾಕಿನಲ್ಲಿ ಆದ ಹಾನಿಯನ್ನು ಭರಿಸುವುದಿಲ್ಲ, ಹಾಗಾಗಿ ಪೂರ್ತಿ ನಷ್ಟವಾದರೂ ತಾಳಿಕೊಳ್ಳಬಲ್ಲ ಬೆಲೆಯ ಕಾರನ್ನೇ ಆರಿಸಿದ್ದೆ.

ಮೂರು ವರ್ಷಗಳಲ್ಲಿ ಇಪ್ಪತ್ತಾರು ಟ್ರ್ಯಾಕ್ ದಿನಗಳಾಗಿವೆ, ಎಲ್ಲ ಸಂಜೆಯೂ ಅದರಲ್ಲೇ ಮನೆಗೆ ಮರಳಿದ್ದೇನೆ. ಪ್ರತಿ ಸೆಷನ್ ಮುಗಿದ ಮೇಲೆ ಒಂದು ಲ್ಯಾಪನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಸುತ್ತಿ ಬಂದು, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲೇ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಕಳೆದ ಮೇಲೆ ಡಿಪ್‌ಸ್ಟಿಕ್ ನೋಡುತ್ತೇನೆ. ಆಯಿಲು ಮೇಲಿನ ಗುರುತಿಗಿಂತ ಇಳಿದಿದ್ದರೆ ಅಲ್ಲೇ ತುಂಬಿಸುತ್ತೇನೆ, ಏಕೆಂದರೆ ಉದ್ದನೆಯ ತಿರುವಿನಲ್ಲಿ ಆಯಿಲು ಒಂದು ಬದಿಗೆ ಸರಿದಾಗ ಪಂಪಿಗೆ ಸಿಗುವುದು ಆ ಹೆಚ್ಚುವರಿ ಪ್ರಮಾಣವೇ. ಕಳೆದ ಸಲ ಬಲಗಡೆಯ ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ತುಸು ಸಡಿಲ ಕಂಡಿತು. ಬೇರಿಂಗು ತರಿಸಿದ್ದೇನೆ, ಅದು ಕೂತ ಮೇಲೆಯೇ ಮುಂದಿನ ಟ್ರ್ಯಾಕ್ ದಿನ.