ಹೊಸ ಮನೆಗೆ ಹೋಗುವ ಮುನ್ನ: ನಾಯಿಮರಿಗಳ ಮೊದಲ ಎಂಟು ವಾರ

ಮಿಕ್ಸಿ ಹಾಕಿದರೆ ಸೋಫಾ ಕೆಳಗೆ ನುಗ್ಗುತ್ತದೆ. ಟೋಪಿ ಹಾಕಿದವರನ್ನು ಕಂಡರೆ ಹಿಂದೆ ಹಿಂದೆ ಸರಿಯುತ್ತಾ ಬೊಗಳುತ್ತದೆ. ಉಗುರು ಕತ್ತರಿಸಲು ಹೋದರೆ ಕಚ್ಚಲು ಬರುತ್ತದೆ. ಹೊಸದಾಗಿ ನಾಯಿ ತಂದವರು ಇದನ್ನೆಲ್ಲ ತಮ್ಮ ತರಬೇತಿಯ ಕೊರತೆ ಅಂದುಕೊಳ್ಳುತ್ತಾರೆ. ಆದರೆ ಇದರಲ್ಲಿ ದೊಡ್ಡ ಪಾಲು ಮರಿ ಅವರ ಮನೆಗೆ ಕಾಲಿಡುವ ಮೊದಲೇ ರೂಪುಗೊಂಡಿರುತ್ತದೆ. ಹಾಗಾಗಿ ನಿಮ್ಮ ನಾಯಿ ಮರಿ ಹಾಕಿದ್ದರೆ ಕೆಲಸ ಬರೀ ಹಾಲು, ಶುಚಿತ್ವಕ್ಕೆ ಮುಗಿಯುವುದಿಲ್ಲ.

1961ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಮರಿಗಳನ್ನು ಎತ್ತರದ ಬೇಲಿಯೊಳಗೆ, ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಒಳಗೆ ತಂದು ಒಂದು ವಾರ ಜನರ ಜೊತೆ ಬಿಟ್ಟರು. ಐದರಿಂದ ಒಂಬತ್ತು ವಾರದೊಳಗೆ ಬಂದವು ಜನರಿಗೆ ಹೊಂದಿಕೊಂಡವು. 14 ವಾರದವರೆಗೂ ಮನುಷ್ಯರ ಸಹವಾಸವೇ ಇಲ್ಲದ ಮರಿಗಳು ಕೊನೆಗೂ ಪಳಗಲಿಲ್ಲ. ಮೂರನೇ ವಾರದಿಂದ ಸುಮಾರು 12–14ನೇ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಅದರಲ್ಲಿ ಅರ್ಧದಷ್ಟು ಕಾಲ ಅದು ಇರುವುದು ನಿಮ್ಮ ಹತ್ತಿರ.

ಮೊದಲ ಎರಡು ವಾರ: ಬೆಚ್ಚಗಿರಲಿ, ಹೊಟ್ಟೆ ತುಂಬಿರಲಿ

ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲೂ ಬಾರದು. ಈ ಹಂತದಲ್ಲಿ ಸ್ವಭಾವದ ಚಿಂತೆ ಬೇಡ. ಜೀವ ಕಾಪಾಡಿದರೆ ಸಾಕು.

ತಾಯಿ ಕಾಲು ಚಾಚಿ ಮಲಗುವಷ್ಟು ಅಗಲದ, ಮರಿ ಹೊರಗೆ ಉರುಳದಷ್ಟು ಅಂಚಿರುವ ಪೆಟ್ಟಿಗೆ ಬೇಕು. ಒಳಗೋಡೆಗೆ, ನೆಲದಿಂದ ಸ್ವಲ್ಪ ಮೇಲೆ, ಸುತ್ತಲೂ ಒಂದು ಮರದ ಪಟ್ಟಿ ಹೊಡೆಸಿ. ತಾಯಿ ಗೋಡೆಗೆ ಒರಗಿದಾಗ ಬೆನ್ನ ಹಿಂದೆ ಸಿಕ್ಕಿಕೊಂಡ ಮರಿಗೆ ಆ ಸಂದಿಯೇ ಆಸರೆ. ಜಾರುವ ಹಾಸು ಬೇಡ, ತೆವಳುವಾಗ ಕಾಲಿಗೆ ಹಿಡಿತ ಸಿಗುವಂಥ ಬಟ್ಟೆ ಹಾಕಿ.

ಮೊದಲ ವಾರ ಮರಿಗಳು ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರದಿಂದ ವಾರಕ್ಕೆ ಇಳಿಸುತ್ತಾ ಬಂದು ನಾಲ್ಕನೇ ವಾರಕ್ಕೆ 24ರ ಆಸುಪಾಸಿಗೆ ತನ್ನಿ. ಹೀಟಿಂಗ್ ಪ್ಯಾಡ್ ಆಗಲಿ, ದೀಪವಾಗಲಿ ಪೆಟ್ಟಿಗೆಯ ಒಂದೇ ಬದಿಗಿರಲಿ. ಸೆಕೆಯಾದ ಮರಿ ಇನ್ನೊಂದು ಬದಿಗೆ ತೆವಳಿಕೊಂಡು ಹೋಗುತ್ತದೆ. ಥರ್ಮಾಮೀಟರ್ ನೋಡುವುದರ ಜೊತೆಗೆ ಮರಿಗಳನ್ನೂ ನೋಡಿ. ಒಂದರ ಮೇಲೊಂದು ರಾಶಿಬಿದ್ದು ಕುಂಯ್‌ಗುಟ್ಟುತ್ತಿದ್ದರೆ ಚಳಿ. ಚದುರಿ ಬಿದ್ದು ಏದುಸಿರು ಬಿಡುತ್ತಿದ್ದರೆ ಸೆಕೆ.

ಪ್ರತಿ ಮರಿಯ ಕೊರಳಿಗೆ ಒಂದೊಂದು ಬಣ್ಣದ ರಿಬ್ಬನ್ ಕಟ್ಟಿ. ಮರಿ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ, ಅದಕ್ಕೇ ಬಿಗಿಯಾಯಿತೇ ಅಂತ ದಿನಾ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ, ಬರೆದಿಡಿ. ಮೊದಲ ದಿನ ತೂಕ ಒಂಚೂರು ಇಳಿದರೆ ಗಾಬರಿ ಬೇಡ. ನೂರಕ್ಕೆ ಹತ್ತು ಪಾಲಿಗಿಂತ ಜಾಸ್ತಿ ಇಳಿದರೆ, ಅಥವಾ ಎರಡನೇ ದಿನ ಕಳೆದರೂ ಏರದಿದ್ದರೆ, ಅವತ್ತೇ ಪಶುವೈದ್ಯರಿಗೆ ತೋರಿಸಿ. ಹುಟ್ಟಿದಾಗಿನ ತೂಕ ಎಂಟು–ಹತ್ತು ದಿನಕ್ಕೆ ಎರಡರಷ್ಟಾಗಬೇಕು. ಮರಿ ಸೊರಗಿದ್ದು ಕಣ್ಣಿಗೆ ಕಾಣುವ ಮೊದಲು ತಕ್ಕಡಿಯಲ್ಲಿ ಕಾಣುತ್ತದೆ.

ಹುಟ್ಟಿದ ಮೊದಲ 12 ಗಂಟೆಯೊಳಗೆ ಎಲ್ಲ ಮರಿಗಳೂ ಗಿಣ್ಣುಹಾಲು ಕುಡಿದಿರಬೇಕು. ರೋಗ ತಡೆಯುವ ಶಕ್ತಿ ಅದರಿಂದಲೇ ಬರುವುದು. ಹೊತ್ತು ಕಳೆದಷ್ಟೂ ಅದನ್ನು ಹೀರಿಕೊಳ್ಳುವ ತಾಕತ್ತು ಮರಿಯ ಕರುಳಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ತಾಯಿಗೆ ಹಾಲು ಸಾಲದಿದ್ದರೆ ಹಸುವಿನ ಹಾಲು ಕೊಡಬೇಡಿ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಅದರ ಎರಡು ಪಟ್ಟಿಗಿಂತ ಜಾಸ್ತಿ. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನು ಬಳಸಿ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆ ಮಲಗಿರಬೇಕು. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಮೈ ತಣ್ಣಗಾದ ಮರಿಗೆ ಹಾಲು ಅರಗುವುದಿಲ್ಲ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಕುಡಿಸಿ.

ತಾಯಿಯನ್ನು ಮರೆಯಬೇಡಿ. ಮೂರು–ನಾಲ್ಕನೇ ವಾರ ಹಾಲು ಅತಿ ಹೆಚ್ಚು ಬರುವ ಹೊತ್ತು. ಆಗ ಅವಳಿಗೆ ಎಂದಿನ ಎರಡು–ಮೂರು ಪಟ್ಟು ಆಹಾರ ಬೇಕಾಗುತ್ತದೆ. ಅವಳು ಸುಮ್ಮಸುಮ್ಮನೆ ಏದುಸಿರು ಬಿಡುತ್ತಾ, ನಡುಗುತ್ತಾ, ಕಾಲು ಸೆಟೆದುಕೊಂಡು ನಡೆದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರಬಹುದು. ಬೆಳಗಾಗಲಿ ಅಂತ ಕಾಯುವ ಕಾಯಿಲೆ ಅಲ್ಲ ಇದು. ಮರಿಗಳ ಉಗುರನ್ನು ವಾರಕ್ಕೊಮ್ಮೆ ತುದಿಯಷ್ಟೇ ಕತ್ತರಿಸಿದರೆ ಅವಳ ಮೊಲೆಗಳಿಗೆ ಗೀರು ಬೀಳುವುದು ತಪ್ಪುತ್ತದೆ. ಮುಂದೆ ಉಗುರು ಕತ್ತರಿ ಕಂಡರೆ ಹೆದರದ ನಾಯಿಯೂ ಆಗುತ್ತದೆ.

ಮೂರನೇ ದಿನದಿಂದ 16ನೇ ದಿನದವರೆಗೆ ಮರಿಗಳಿಗೆ ಮಾಡಿಸುವ ಐದು ವ್ಯಾಯಾಮಗಳ ಒಂದು ಪಟ್ಟಿ ಸಾಕುವವರ ನಡುವೆ ಬಹಳ ಪ್ರಸಿದ್ಧ. ತಲೆ ಮೇಲೆ ಮಾಡಿ ಹಿಡಿಯುವುದು, ತಲೆ ಕೆಳಗೆ ಮಾಡಿ ಹಿಡಿಯುವುದು, ಒದ್ದೆ ಬಟ್ಟೆಯ ಮೇಲೆ ಇಡುವುದು, ಹೀಗೆ. ಅದರ ಪ್ರಯೋಜನದ ಬಗ್ಗೆ ಸಿಕ್ಕಿರುವ ಸಾಕ್ಷ್ಯ ಅಷ್ಟೇನೂ ಗಟ್ಟಿಯಾಗಿಲ್ಲ. ನನ್ನ ಮಟ್ಟಿಗೆ, ದಿನಾ ಪ್ರತಿ ಮರಿಯನ್ನೂ ಒಂದೆರಡು ನಿಮಿಷ ಮೆಲ್ಲಗೆ ಎತ್ತಿ, ಮೈದಡವಿ, ಪಾದ ಮುಟ್ಟಿ ವಾಪಸ್ ಇಟ್ಟರೆ ಅಷ್ಟೇ ಸಾಕು.

ಮೂರನೇ ವಾರ: ಕಣ್ಣು, ಕಿವಿ, ಕಾಲು

10ರಿಂದ 14 ದಿನಕ್ಕೆ ಕಣ್ಣು ಬಿಡುತ್ತವೆ. ಕೆಲವೇ ದಿನಗಳಲ್ಲಿ ಕಿವಿಯೂ ತೆರೆಯುತ್ತದೆ. ತೂರಾಡುತ್ತಾ ನಡೆಯಲು ಶುರು, ಹಾಲುಹಲ್ಲು ಇಣುಕುವುದೂ ಇದೇ ಹೊತ್ತಿಗೆ.

ಅಲ್ಲಿಯವರೆಗೆ ತಾಯಿ ನೆಕ್ಕಿದರೆ ಮಾತ್ರ ಉಚ್ಚೆ, ಕಕ್ಕ ಆಗುತ್ತಿತ್ತು. ಈಗ ಮರಿಗಳು ತಾವಾಗಿಯೇ ಮಾಡುತ್ತವೆ, ಅದೂ ಮಲಗುವ ಜಾಗದಿಂದ ಆಚೆ ಹೋಗಿ. ಈ ಹುಟ್ಟುಗುಣವನ್ನು ಹಾಳುಮಾಡಬೇಡಿ. ಪೆಟ್ಟಿಗೆಗೆ ಹೊಂದಿಕೊಂಡು ಒಂದು ಆವರಣ ಮಾಡಿ, ಮಲಗುವ ಮೂಲೆಯಿಂದ ದೂರದ ತುದಿಯಲ್ಲಿ ಒಂದು ಅಗಲ ಟ್ರೇ ಇಡಿ. ಅದರೊಳಗಿನ ಹಾಸು ಮಲಗುವ ಬಟ್ಟೆಗಿಂತ ಬೇರೆ ಥರ ಇರಲಿ. ಎದ್ದ ಕೂಡಲೇ, ಉಂಡ ಕೂಡಲೇ ಅತ್ತ ಕಳಿಸಿ. ಐದರಿಂದ ಎಂಟನೇ ವಾರದೊಳಗೆ ಕಾಲಡಿ ಯಾವ ನೆಲ ಸಿಕ್ಕಿತೋ ಅದೇ ಶೌಚದ ಜಾಗ ಅಂತ ಮರಿ ರೂಢಿ ಮಾಡಿಕೊಳ್ಳುತ್ತದೆ. ಆದಷ್ಟು ಹೊತ್ತು ಹುಲ್ಲು, ಮಣ್ಣು ಸಿಗುವಂತೆ ಮಾಡಿದರೆ ಹೊಸ ಮನೆಯವರು ನಿಮ್ಮನ್ನು ನೆನೆಯುತ್ತಾರೆ.

ಎರಡನೇ ವಾರಕ್ಕೆ ಜಂತುಹುಳದ ಔಷಧಿ ಶುರುವಾಗಬೇಕು. ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ ಕೊಡುತ್ತಾ ಹೋಗಿ. ದುಂಡುಹುಳುಗಳು ಗರ್ಭದಲ್ಲೇ ತಾಯಿಯಿಂದ ಮರಿಗೆ ಬರುತ್ತವೆ. ಹಾಲಿನ ಮೂಲಕವೂ ಬರುತ್ತವೆ. ಮರಿ ಹೊರಗೇ ಹೋಗಿಲ್ಲ, ಹುಳು ಎಲ್ಲಿಂದ ಬರಬೇಕು ಅಂತ ಬಿಡುವ ಹಾಗಿಲ್ಲ. ಡೋಸ್ ತೂಕದ ಮೇಲೆ ಹೋಗುತ್ತದೆ, ವೈದ್ಯರನ್ನೇ ಕೇಳಿ. ಈ ಹುಳುವಿನ ಮೊಟ್ಟೆಯಿಂದ ಮಕ್ಕಳಿಗೂ ತೊಂದರೆಯಾಗುತ್ತದೆ. ಮರಿ ಮುಟ್ಟಿದ ಮೇಲೆ ಕೈ ತೊಳೆಸಿ.

ನಾಲ್ಕರಿಂದ ಎಂಟನೇ ವಾರ: ಇದೇ ನಿಜವಾದ ಪಾಠಶಾಲೆ

ಇಲ್ಲಿ ಜನ ಸಾಮಾನ್ಯವಾಗಿ ಒಂದು ಪಟ್ಟಿ ಹಿಡಿದು ಹೊರಡುತ್ತಾರೆ. ನೂರು ಜನ, ನೂರು ಸದ್ದು, ನೂರು ವಸ್ತು. ಟಿಕ್ ಹಾಕಿದ್ದೇ ಹಾಕಿದ್ದು. ಮರಿ ಎಷ್ಟನ್ನು ನೋಡಿತು ಅನ್ನುವುದು ಅಂಥ ದೊಡ್ಡ ವಿಷಯವಲ್ಲ. ನೋಡಿದಾಗ ಅದಕ್ಕೆ ಏನನ್ನಿಸಿತು ಅನ್ನುವುದು ಮುಖ್ಯ. ಮೂಲೆಯಲ್ಲಿ ಮುದುಡಿಕೊಂಡು ಹತ್ತು ಅಪರಿಚಿತರ ಕೈಯಿಂದ ಕೈಗೆ ಹೋದ ಮರಿ ಕಲಿಯುವುದು ಒಂದೇ: ಅಪರಿಚಿತರು ಬಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಮರಿ ಬೆಚ್ಚಿಬಿದ್ದ ಮೇಲೆ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ನೋಡಿ. ಒಂದು ಚಮಚ ನೆಲಕ್ಕೆ ಬಿತ್ತು ಅಂದುಕೊಳ್ಳಿ. ಮರಿ ಹಾರಿಬೀಳುತ್ತದೆ, ಎರಡು ಹೆಜ್ಜೆ ಹಿಂದೆ ಹೋಗುತ್ತದೆ, ಕೆಲವೇ ಕ್ಷಣದಲ್ಲಿ ಮೂಗು ಚಾಚಿ ಚಮಚ ಮೂಸಲು ಬರುತ್ತದೆ. ಇದು ಬಹಳ ಒಳ್ಳೆಯ ಪಾಠ. ಹೆದರಿಕೆ ಬರುತ್ತದೆ, ಹೋಗುತ್ತದೆ ಅಂತ ಅದಕ್ಕೆ ಗೊತ್ತಾಯಿತು. ಅದೇ ಮರಿ ನಿಮಿಷ ಕಳೆದರೂ ಬಾಲ ಮುದುರಿಕೊಂಡು ಅಲ್ಲೇ ನಿಂತಿದ್ದರೆ, ಕೊಟ್ಟ ತಿಂಡಿಯನ್ನೂ ಮುಟ್ಟದಿದ್ದರೆ, ಆ ಸದ್ದು ಅದಕ್ಕೆ ಜಾಸ್ತಿಯಾಯಿತು. ನಾಳೆ ಇನ್ನೂ ದೂರದಿಂದ, ಇನ್ನೂ ಮೆಲ್ಲಗೆ ಶುರುಮಾಡಿ. ಎಳೆದು ತಂದು ತೋರಿಸಬೇಡಿ. ಅದಾಗಿಯೇ ಹತ್ತಿರ ಬರಲಿ.

ಸದ್ದುಗಳನ್ನು ಹೀಗೇ ಕಟ್ಟಿಕೊಂಡು ಹೋಗಿ. ಮರಿಗಳು ಉಣ್ಣುವಾಗ ಪಕ್ಕದ ಕೋಣೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಲಿ. ಗುಡುಗು, ಪಟಾಕಿ, ಟ್ರಾಫಿಕ್ ಸದ್ದಿನ ರೆಕಾರ್ಡಿಂಗ್ ಸಣ್ಣಗೆ ಹಾಕಿ, ಕಿವಿ ನಿಮಿರಿಸಿ ಮತ್ತೆ ಆಟಕ್ಕೆ ಮರಳಿದರೆ ಎರಡು ದಿನ ಬಿಟ್ಟು ಒಂಚೂರು ಏರಿಸಿ. ಕಾಲಡಿಯ ನೆಲವೂ ಬದಲಾಗುತ್ತಿರಲಿ. ಟೈಲ್ಸ್, ರಬ್ಬರ್ ಮ್ಯಾಟ್, ಮರಳು, ಒದ್ದೆ ಹುಲ್ಲು, ಸ್ವಲ್ಪ ಅಲ್ಲಾಡುವ ಹಲಗೆ, ಎರಡು ಮೆಟ್ಟಿಲು. ರಟ್ಟಿನ ಡಬ್ಬ ಕತ್ತರಿಸಿ ಸುರಂಗ ಮಾಡಿದರೆ ಖರ್ಚಿಲ್ಲದ ಆಟಿಕೆ. ದಿನಕ್ಕೊಂದು ಹೊಸದು ಸಾಕು. ಈ ವಯಸ್ಸಿನ ಮರಿ ದಿನಕ್ಕೆ 18–20 ಗಂಟೆ ನಿದ್ದೆ ಮಾಡುತ್ತದೆ, ಮಲಗಿದ್ದನ್ನು ಎಬ್ಬಿಸಿ ಪಾಠ ಹೇಳಬೇಡಿ.

ಜನರ ವಿಷಯದಲ್ಲೂ ವೈವಿಧ್ಯ ಬೇಕು: ಗಡ್ಡದವರು, ಕನ್ನಡಕದವರು, ಕೋಲು ಹಿಡಿದ ಹಿರಿಯರು, ಕೊಡೆ ಬಿಚ್ಚುವವರು. ಮಕ್ಕಳು ನೆಲದ ಮೇಲೆ ಕೂತೇ ಆಡಿಸಲಿ. ಎತ್ತಿಕೊಂಡು ನಿಂತರೆ ಕೈಜಾರುವುದು ಖಂಡಿತ.

ಇನ್ನೊಂದು ಮಾತು. ಗುಂಪಿನಲ್ಲಿದ್ದಾಗ ಎಲ್ಲ ಮರಿಗಳೂ ಧೈರ್ಯವಂತರೇ. ದಿನಕ್ಕೊಮ್ಮೆಯಾದರೂ ಒಂದೊಂದನ್ನೇ ಬೇರೆ ಕೋಣೆಗೆ ಒಯ್ದು ಐದು ನಿಮಿಷ ಆಡಿಸಿ. ಆಗ ಕಾಣುತ್ತದೆ ಅದರ ನಿಜವಾದ ಸ್ವಭಾವ. ಆ ಹೊತ್ತಲ್ಲೇ ಕಿವಿ ನೋಡಿ, ತುಟಿ ಎತ್ತಿ ಹಲ್ಲು ನೋಡಿ, ಪಾದ ಒತ್ತಿ, ಬ್ರಷ್ ಮುಟ್ಟಿಸಿ. ಜೊತೆಜೊತೆಗೆ ಒಂದು ತುಣುಕು ತಿಂಡಿ ಕೊಡಿ. ಸ್ವಲ್ಪ ಹೊತ್ತು ಒಂಟಿಯಾಗಿರುವ ಅಭ್ಯಾಸವೂ ಇಲ್ಲಿಂದಲೇ ಶುರು. ಇಲ್ಲದಿದ್ದರೆ ಹೊಸ ಮನೆಯ ಮೊದಲ ರಾತ್ರಿ ಅದು ಇಡೀ ಬೀದಿಯನ್ನು ಎಬ್ಬಿಸುತ್ತದೆ.

ಐದನೇ ವಾರದಿಂದ ಹೊಸದರ ಬಗ್ಗೆ ಅಂಜಿಕೆ ಮೆಲ್ಲಗೆ ತಲೆ ಎತ್ತುತ್ತದೆ. ಇದು ಸಹಜ. ತಳಿಯಿಂದ ತಳಿಗೆ ಹೊತ್ತು ಬೇರೆ. ಜರ್ಮನ್ ಶೆಫರ್ಡ್‌ಗಳಲ್ಲಿ ಬೇಗ, ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗಳಲ್ಲಿ ತಡವಾಗಿ. ಆದ್ದರಿಂದ ಮೂರು–ನಾಲ್ಕನೇ ವಾರದಲ್ಲಿ ಮರಿ ಏನನ್ನೂ ಲೆಕ್ಕಿಸದೆ ಮುನ್ನುಗ್ಗುವ ದಿನಗಳನ್ನು ಸುಮ್ನೆ ಕಳೆಯಬೇಡಿ.

ಕಚ್ಚಾಟವನ್ನು ತಡೆಯಬೇಡಿ. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ನಿಲ್ಲಿಸುತ್ತದೆ, ತಾಯಿ ಗುರ್ರೆನ್ನುತ್ತಾಳೆ. ಹಲ್ಲಿನ ಬಲ ಎಷ್ಟು ಬಳಸಬೇಕು ಅಂತ ಅವು ಕಲಿಯುವುದು ಹೀಗೆ. ನಾವು ಅಷ್ಟು ಚೆನ್ನಾಗಿ ಕಲಿಸಲಾರೆವು. ಆದರೆ ತಾಯಿಗೆ ಸಾಕೆನಿಸಿದಾಗ ಎದ್ದುಹೋಗಲು ಮರಿಗಳಿಗೆ ಎಟುಕದ ಒಂದು ಜಾಗ ಇರಲೇಬೇಕು.

ನಾಲ್ಕನೇ ವಾರದ ಹೊತ್ತಿಗೆ ಮರಿಗಳ ಒಣ ಆಹಾರವನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಗಂಜಿಯಂತೆ ಮಾಡಿ ಕೊಡಿ. ಮೊದಲ ದಿನ ಹೊಟ್ಟೆಗಿಂತ ಮೈಗೇ ಜಾಸ್ತಿ ಮೆತ್ತಿಕೊಳ್ಳುತ್ತವೆ, ಒರೆಸಲು ಬಟ್ಟೆ ಹತ್ತಿರವಿರಲಿ. ನೀರು ಕಡಿಮೆ ಮಾಡುತ್ತಾ ಬಂದು ಏಳು–ಎಂಟನೇ ವಾರಕ್ಕೆ ಹಾಲು ಬಿಡಿಸಿ. ಪ್ರತಿ ಊಟಕ್ಕೂ ಒಂದೇ ರೀತಿ ಸಿಳ್ಳೆ ಹಾಕಿ ಕರೆದರೆ, ಕರೆದಾಗ ಓಡಿಬರುವುದು ಪುಕ್ಕಟೆಯಾಗಿ ಕಲಿತಂತಾಯಿತು. ಉಣ್ಣುವಾಗ ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾಡುವ ಚಟ ಬೇಡ. ಹತ್ತಿರ ಬಂದು ಇನ್ನೂ ರುಚಿಯಾದ ತುಣುಕೊಂದನ್ನು ತಟ್ಟೆಗೆ ಹಾಕಿ ಹೋಗಿ. ಮೇಲೆ ಹಾರುವ ಮರಿಗೆ ಗಮನ ಕೊಡದೆ ಕೂತ ಮರಿಯನ್ನಷ್ಟೇ ಮಾತಾಡಿಸಿ. ವಾರದೊಳಗೆ ಸಾಲಾಗಿ ಕೂತಿರುತ್ತವೆ.

ಲಸಿಕೆ ಮುಗಿಯುವವರೆಗೆ ಕಾಯಬೇಕೇ?

ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೂ ನಡೆಯುತ್ತದೆ. ತಾಯಿಯಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುವುದರಿಂದ ಮತ್ತೆ ಮತ್ತೆ ಕೊಡಬೇಕು. ಅಷ್ಟು ದಿನ ಮನೆಯೊಳಗೇ ಕೂಡಿಟ್ಟರೆ ಕಲಿಯುವ ಕಾಲವೇ ಮುಗಿದುಹೋಯಿತು ಅಲ್ವಾ? ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2008ರಲ್ಲೇ ಹೇಳಿದ್ದು ಇದನ್ನೇ: ಲಸಿಕೆ ಪೂರ್ತಿಯಾಗುವ ಮೊದಲೇ ಹೊರಜಗತ್ತಿನ ಪರಿಚಯ ಆಗಬೇಕು.

ಅದಕ್ಕೆ ದಾರಿ ಇದೆ. ಎತ್ತಿಕೊಂಡೇ ಹೊರಗೆ ಹೋಗಿ, ಬೀದಿ ತೋರಿಸಿ. ಕಾರಿನಲ್ಲಿ ಒಂದು ಸುತ್ತು ಹಾಕಿ. ಗೊತ್ತಿಲ್ಲದ ನಾಯಿಗಳು ಓಡಾಡುವ ನೆಲದ ಮೇಲೆ ಮಾತ್ರ ಬಿಡಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಚಪ್ಪಲಿಗೂ ಅಂಟಿಕೊಂಡು ಬರುತ್ತದೆ. ನೋಡಲು ಬರುವವರು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬರಲಿ. ಲಸಿಕೆ ಹಾಕಿಸಿಕೊಂಡ, ಸೌಮ್ಯ ಸ್ವಭಾವದ ದೊಡ್ಡ ನಾಯಿಯೊಂದು ಮನೆಗೆ ಬಂದರೆ ಒಳ್ಳೆಯದೇ.

ಯಾವಾಗ ಕಳಿಸುವುದು, ಹೇಗೆ ಕಳಿಸುವುದು

ಎಂಟು ವಾರ ತುಂಬುವ ಮೊದಲು ಬೇಡ. ಎಷ್ಟೇ ಒತ್ತಾಯ ಮಾಡಿದರೂ ಬೇಡ. ಇಟಲಿಯಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 30–40 ದಿನಕ್ಕೆ ತಾಯಿಯಿಂದ ಬೇರೆಯಾದ ನಾಯಿಗಳನ್ನು ಎರಡು ತಿಂಗಳಿಗೆ ಬೇರೆಯಾದವುಗಳ ಜೊತೆ ಹೋಲಿಸಿದರು. ಅತಿ ಬೊಗಳುವಿಕೆ, ನಡೆಯುವಾಗ ಅಂಜಿಕೆ, ಸದ್ದಿಗೆ ಬೆದರುವುದು, ತನ್ನ ಆಹಾರದ ಹತ್ತಿರ ಯಾರನ್ನೂ ಬಿಡದಿರುವುದು ಬೇಗ ಬೇರೆಯಾದವುಗಳಲ್ಲೇ ಜಾಸ್ತಿ ಕಂಡಿತು.

ಯಾರಿಗೆ ಯಾವ ಮರಿ ಅನ್ನುವುದನ್ನು ಬಣ್ಣ ನೋಡಿ ನಿರ್ಧರಿಸಲು ಬಿಡಬೇಡಿ. ಏಳನೇ ವಾರದಲ್ಲಿ ಒಂದೇ ದಿನ ಮಾಡುವ ಸ್ವಭಾವ ಪರೀಕ್ಷೆಗಳು ದೊಡ್ಡದಾದ ಮೇಲಿನ ನಡವಳಿಕೆಯನ್ನು ಅಷ್ಟಾಗಿ ಹೇಳುವುದಿಲ್ಲ. ಎಂಟು ವಾರ ನೋಡಿದ ನಿಮ್ಮ ಕಣ್ಣನ್ನು ನಂಬಿ. ಬೇಗ ಸುಧಾರಿಸಿಕೊಳ್ಳುವ ಮರಿ ಗಲಾಟೆಯ ಮನೆಗೆ, ನಿಧಾನದ್ದು ಶಾಂತ ಮನೆಗೆ.

ಕೊಡುವಾಗ ಲಸಿಕೆ ಮತ್ತು ಜಂತುಹುಳದ ಔಷಧಿಯ ತಾರೀಖುಗಳ ಚೀಟಿ ಕೊಡಿ. ಈಗ ತಿನ್ನುತ್ತಿರುವ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕಟ್ಟಿಕೊಡಿ. ಮನೆ, ಊಟ ಎರಡೂ ಒಂದೇ ದಿನ ಬದಲಾದರೆ ಹೊಟ್ಟೆ ಕೆಡುತ್ತದೆ. ತಾಯಿಯ ವಾಸನೆಯಿರುವ, ತೊಳೆಯದ ಬಟ್ಟೆಯ ತುಂಡೊಂದು ಜೊತೆಗಿರಲಿ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ, ಜೈಲಿಟಾಲ್ (ಸಕ್ಕರೆಯ ಬದಲು ಬಳಸುವ ಪದಾರ್ಥ) ಇರುವ ಸಿಹಿ ನಾಯಿಗೆ ವಿಷ ಅನ್ನುವುದನ್ನು ಬರೆದೇ ಕೊಡಿ, ಬಾಯಿಮಾತು ಮರೆತುಹೋಗುತ್ತದೆ. ಯಾವ ಸದ್ದಿಗೆ ಮರಿ ಇನ್ನೂ ಅಂಜುತ್ತದೆ, ಯಾವುದನ್ನು ದಾಟಿದೆ ಅನ್ನುವುದನ್ನೂ ಅದೇ ಹಾಳೆಯಲ್ಲಿ ಸೇರಿಸಿ. 12–14 ವಾರದವರೆಗೆ ಆ ಕೆಲಸ ಮುಂದುವರಿಸಬೇಕಾದವರು ಇನ್ನು ಅವರೇ. ಹೊಂದಾಣಿಕೆ ಆಗದಿದ್ದರೆ ಬೇರೆಯವರಿಗೆ ದಾಟಿಸದೆ ನಿಮಗೇ ವಾಪಸ್ ತಂದುಕೊಡಬೇಕು ಅನ್ನುವ ಮಾತನ್ನು ಮರಿ ಕೊಡುವ ಮೊದಲೇ ಆಡಿಬಿಡಿ.